ಬೀಗದಕೈ ಗೊಂಚಲಿನ ಕಿರುದೀಪ: ಸೆಲ್ಲಿನ ಗಾತ್ರ ನೋಡಿ ಆಯ್ಕೆ

ಕನ್ನಡ ನಾಡಿನ ಹಳ್ಳಿಗಳಲ್ಲಿ ಟಾರ್ಚು ದೀಪವನ್ನು ‘ಬ್ಯಾಟರಿ’ ಎಂದೇ ಕರೆಯುವ ರೂಢಿಯುಂಟು. ‘ಕತ್ತಲಾಗಿದೆ, ಬ್ಯಾಟರಿ ತೆಗೆದುಕೊಂಡು ಹೋಗು’ ಎಂದು ಮನೆಯ ಹಿರಿಯರು ಹೇಳಿದರೆ ಒಳಗಿನ ಸೆಲ್ಲನ್ನಷ್ಟೇ ಕೊಂಡೊಯ್ಯಬೇಕೆಂದು ಯಾರೂ ತಿಳಿಯುವುದಿಲ್ಲ. ಭಾಷಾ ಪಂಡಿತರು ಇದನ್ನು ಲಕ್ಷಣಾರ್ಥವೆಂದು ವಿವರಿಸಬಹುದು. ವಿಜ್ಞಾನದ ದೃಷ್ಟಿಯಿಂದಲೂ ಈ ಹೆಸರು ಯುಕ್ತವಾದುದೇ. ಟಾರ್ಚಿನ ಉದ್ದ, ತೂಕ, ಬೆಳಕಿನ ಪ್ರಮಾಣ, ಆ ಬೆಳಕು ನಿಲ್ಲುವ ಅವಧಿ, ಕೊನೆಗೆ ಅದರಿಂದ ಒದಗಬಹುದಾದ ಅಪಾಯ, ಇವೆಲ್ಲವನ್ನೂ ನಿರ್ಧರಿಸುವುದು ಅದರ ಹೊಟ್ಟೆಯೊಳಗಿರುವ ಸೆಲ್ಲು. ದೊಡ್ಡ ಟಾರ್ಚಿನಲ್ಲಿ ಈ ಸಂಗತಿ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಬೀಗದಕೈ ಗೊಂಚಲಿಗೆ ತೂಗುಹಾಕುವ, ಬೆರಳಿನಷ್ಟೇ ಗಾತ್ರದ ಕಿರುದೀಪದಲ್ಲಾದರೋ ಅದೇ ಮುಖ್ಯ ವಿಷಯ. ಆದರೂ ಕೊಳ್ಳುವವರು ಬಣ್ಣವನ್ನು ನೋಡುತ್ತಾರೆ, ಬೆಲೆಯನ್ನು ಕೇಳುತ್ತಾರೆ, ಒಮ್ಮೆ ಗುಂಡಿ ಒತ್ತಿ ಕಣ್ಣು ಕೋರೈಸಿತೆಂದರೆ ತೃಪ್ತರಾಗುತ್ತಾರೆ. ಒಳಗೆ ಯಾವ ಸೆಲ್ಲಿದೆಯೆಂದು ವಿಚಾರಿಸುವವರು ವಿರಳ.

ಕೊಳವೆಯಾಕಾರದ ಟಾರ್ಚಿಗೆ ಅಮೆರಿಕದಲ್ಲಿ ಡೇವಿಡ್ ಮಿಸೆಲ್ ಎಂಬಾತನಿಗೆ 1899ರ ಜನವರಿಯಲ್ಲಿ ಹಕ್ಕುಪತ್ರ ದೊರೆಯಿತು. ಅಂದಿನಿಂದ ಸುಮಾರು ಒಂದು ಶತಮಾನದ ಕಾಲ ಟಾರ್ಚೆಂದರೆ ದಪ್ಪ ಸೆಲ್ಲುಗಳನ್ನು ಒಂದರ ಹಿಂದೊಂದು ತುಂಬಿದ ಲೋಹದ ಕೊಳವೆ, ತುದಿಯಲ್ಲಿ ತಂತಿಯ ಬಲ್ಬು. ಆ ಬಲ್ಬಿನ ತಂತಿ ತನಗೆ ಬಂದ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ವ್ಯಯಮಾಡುತ್ತಿದ್ದುದರಿಂದ ದಪ್ಪ ಸೆಲ್ಲಿಲ್ಲದೆ ಗತ್ಯಂತರವಿರಲಿಲ್ಲ. ಜಪಾನಿನ ಶೂಜಿ ನಕಾಮುರಾ ಅವರು 1993ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿಯನ್ನು ಸಿದ್ಧಪಡಿಸಿದ ಮೇಲೆ, ಆ ನೀಲಿ ಬೆಳಕಿಗೆ ಹಳದಿ ಬೆಳಕು ಸೂಸುವ ಲೇಪವನ್ನು ಕೂಡಿಸಿ ಬಿಳಿಯ ಬೆಳಕನ್ನು ಪಡೆಯುವುದು ಸಾಧ್ಯವಾಯಿತು. 2014ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಅಕಾಸಾಕಿ, ಅಮಾನೊ ಮತ್ತು ನಕಾಮುರಾ ಅವರಿಗೆ ಸಂದದ್ದು ಈ ನೀಲಿ ದೀಪಕ್ಕಾಗಿಯೇ. ಬೆರಳಿನಷ್ಟು ದೀಪ ದಾರಿ ತೋರಿಸಬಲ್ಲುದೆಂಬುದು ಆ ಬಳಿಕ ನಿಜವಾಯಿತು.

ಕೈಯಲ್ಲಿ ಮೊಬೈಲ್ ಫೋನು ಇರುವಾಗ ಬೇರೊಂದು ದೀಪವೇಕೆ ಎಂಬ ಪ್ರಶ್ನೆ ಸಹಜ. ಫೋನಿನ ಚಾರ್ಜು ಮುಗಿದಿರುವುದೂ ಕತ್ತಲೆ ಕವಿಯುವುದೂ ಬಹುಮಟ್ಟಿಗೆ ಒಂದೇ ವೇಳೆಯಲ್ಲಿ ಎಂಬುದು ಅನುಭವದ ಮಾತು. ಮಳೆಯಲ್ಲಿ, ಕೆಸರಿನ ಬದುವಿನ ಮೇಲೆ, ಬೆಲೆಬಾಳುವ ಫೋನನ್ನು ಹೊರತೆಗೆಯಲು ಯಾರೂ ಹಿಂಜರಿಯುತ್ತಾರೆ. ಆ ಹಿಂಜರಿಕೆಯ ಹತ್ತು ಹೆಜ್ಜೆಗಳಲ್ಲೇ ಅನಾಹುತವಾಗಬಹುದು. ಕೊಳಕುಮಂಡಲ ಹಾವು ಮುಸ್ಸಂಜೆಯಿಂದಾಚೆಗೆ ಚುರುಕಾಗುತ್ತದೆ. ಒಣಗಿದ ಎಲೆಯ ನಡುವೆ ಅದು ಅಲುಗಾಡದೆ ಬಿದ್ದಿದ್ದರೆ ಬರಿಗಣ್ಣಿಗೆ ತೋರುವುದಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಮೃತರಾದರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಕಾಲ ಬುಡದ ನೆಲವನ್ನು ಕಾಣಲು ಮಹಾ ಬೆಳಕೇನೂ ಬೇಕಿಲ್ಲ. 10ರಿಂದ 20 ಲ್ಯೂಮೆನ್ ಸಾಕು. ಬೀಗದ ರಂಧ್ರವನ್ನು ಹುಡುಕಲು ಒಂದು ಲ್ಯೂಮೆನ್ ಕೂಡ ಹೆಚ್ಚೇ. ಬೇಕಾದ ಗಳಿಗೆಯಲ್ಲಿ ಆ ಅಲ್ಪ ಬೆಳಕು ತಪ್ಪದೆ ಬರಬೇಕೆಂಬುದಷ್ಟೇ ಇಲ್ಲಿಯ ಅಪೇಕ್ಷೆ.

ಸೆಲ್ಲಿನ ವಿಚಾರಕ್ಕೆ ಬರುವ ಮುನ್ನ ಒಂದು ಮೂಲಸಂಗತಿಯನ್ನು ತಿಳಿಯಬೇಕು. ಬಿಳಿಯ ಎಲ್‌ಇಡಿ ಬೆಳಗಬೇಕಾದರೆ ಸುಮಾರು 3 ವೋಲ್ಟಿನ ಒತ್ತಡ ಬೇಕು. ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಸೆಲ್ಲಿನದು 1.5 ವೋಲ್ಟು, ಮರುಚಾರ್ಜು ಮಾಡಬಲ್ಲ ನಿಕಲ್ ಸೆಲ್ಲಿನದು 1.2 ಮಾತ್ರ. ಆದ್ದರಿಂದ ಅಂತಹ ಒಂದೇ ಸೆಲ್ಲಿನ ದೀಪದಲ್ಲಿ ಒತ್ತಡವನ್ನು ಏರಿಸುವ ಪುಟ್ಟ ವಿದ್ಯುನ್ಮಂಡಲವೊಂದು ಇರಲೇಬೇಕು. ಕೆಳಗಿನ ಬಾವಿಯ ನೀರನ್ನು ಮೇಲಿನ ತೊಟ್ಟಿಗೆ ಏರಿಸುವ ಪಂಪಿನಂತೆ ಅದು ಕೆಲಸ ಮಾಡುತ್ತದೆ. ತನ್ನ ಪಾಲಿಗೆ ಸ್ವಲ್ಪ ಶಕ್ತಿಯನ್ನೂ ತೆಗೆದುಕೊಳ್ಳುತ್ತದೆ. ಲಿಥಿಯಂ ಸೆಲ್ಲಿನ ಒತ್ತಡವೇ 3 ವೋಲ್ಟು ಅಥವಾ ಅದಕ್ಕಿಂತ ಹೆಚ್ಚು. ಅಲ್ಲಿ ಪಂಪು ಬೇಡ, ದೀಪದ ಬೆಲೆಯೂ ಇಳಿಯುತ್ತದೆ. ಜಾತ್ರೆಯ ಅಂಗಡಿಯಲ್ಲಿ ಅಗ್ಗವಾಗಿ ಮಾರುವ ಕಿರುದೀಪಗಳಲ್ಲೆಲ್ಲ ಗುಂಡಿಯಂಥ ಸೆಲ್ಲುಗಳೇ ಇರುವುದಕ್ಕೆ ಇದೇ ಕಾರಣ.

ಈ ಗುಂಡಿ ಸೆಲ್ಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸಿಆರ್ 2032. ಹೆಸರಿನಲ್ಲೇ ಅದರ ಅಳತೆಯಿದೆ: ವ್ಯಾಸ 20 ಮಿಲಿಮೀಟರು, ದಪ್ಪ 3.2 ಮಿಲಿಮೀಟರು. ತೂಕ ಕೇವಲ 3 ಗ್ರಾಂ. ಅದರ ಸಾಮರ್ಥ್ಯ ಸುಮಾರು 220 ಮಿಲಿ ಆಂಪಿಯರ್ ಗಂಟೆ. ಕಾಗದದ ಮೇಲೆ ಇದು ಕಡಿಮೆಯೇನಲ್ಲ. ಆದರೆ ಈ ಸೆಲ್ಲನ್ನು ರೂಪಿಸಿದ್ದು ಗಡಿಯಾರ, ಗಣಕದ ನೆನಪಿನ ಭಾಗ ಮುಂತಾದ ಮಿತಾಹಾರಿಗಳಿಗಾಗಿ. ಮೇಲಿನ ಸಾಮರ್ಥ್ಯವನ್ನು ಅಳೆಯುವಾಗ ಅದರಿಂದ ಎಳೆಯುವ ವಿದ್ಯುತ್ತು ಸುಮಾರು 0.2 ಮಿಲಿ ಆಂಪಿಯರ್. ದೀಪ ಕೇಳುವುದೋ 20 ಮಿಲಿ ಆಂಪಿಯರಿನಷ್ಟು, ಅಂದರೆ ನೂರು ಪಟ್ಟು. ಸೆಲ್ಲಿನ ಆಂತರಿಕ ರೋಧ ಹೆಚ್ಚಿರುವುದರಿಂದ ಒತ್ತಡ ಕೂಡಲೇ ಕುಸಿಯುತ್ತದೆ. ಆರಂಭದ ಕೆಲವು ನಿಮಿಷ ಪ್ರಖರವಾಗಿ ಉರಿದ ದೀಪ ಬರಬರುತ್ತ ಮಂಕಾಗಿ, ಮಿಣುಕುಹುಳದ ಮಟ್ಟಕ್ಕೆ ಇಳಿದು, ಆ ಸ್ಥಿತಿಯಲ್ಲೇ ಬಹಳ ಹೊತ್ತು ಉಳಿಯುತ್ತದೆ. ಡಬ್ಬಿಯ ಮೇಲೆ ಅಚ್ಚು ಮಾಡಿದ ಗಂಟೆಗಳ ಲೆಕ್ಕದಲ್ಲಿ ಈ ಮಿಣುಕು ಹೊತ್ತೂ ಸೇರಿರುತ್ತದೆಂಬುದನ್ನು ಮರೆಯಬಾರದು. ಬೀಗ ತೆಗೆಯಲು, ಚಪ್ಪಲಿ ಹುಡುಕಲು ಇಂತಹ ದೀಪ ಸಾಕು. ಹೊಲದ ದಾರಿಗೆ ಸಾಲದು.

ಇದಕ್ಕಿಂತ ಗುರುತರವಾದ ಆಕ್ಷೇಪ ಬೇರೊಂದಿದೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ಈ ಸೆಲ್ಲು ಪ್ರಾಣಾಪಾಯದ ವಸ್ತು. ಮಗು ಅದನ್ನು ನುಂಗಿದರೆ, 20 ಮಿಲಿಮೀಟರಿನ ಆ ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಸೆಲ್ಲು ಒಡೆದು ವಿಷ ಸೋರುವುದರಿಂದ ಕೆಡುಕಾಗುವುದೆಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಒಡೆಯಬೇಕಾಗಿಯೇ ಇಲ್ಲ. ಒದ್ದೆಯಾದ ಅಂಗಾಂಶದ ಮೂಲಕ ವಿದ್ಯುತ್ತು ಹರಿದು, ಋಣಧ್ರುವದ ಬಳಿ ತೀಕ್ಷ್ಣವಾದ ಕ್ಷಾರ ಹುಟ್ಟಿ, ಎರಡು ಗಂಟೆಯೊಳಗಾಗಿಯೇ ಆಳವಾದ ಸುಟ್ಟ ಗಾಯವಾಗಬಲ್ಲುದು. ದೀಪ ಹೊತ್ತಿಸಲಾರದಷ್ಟು ಬಳಲಿದ ಸೆಲ್ಲಿನಲ್ಲಿಯೂ ಇಷ್ಟಕ್ಕೆ ಸಾಕಾಗುವಷ್ಟು ಒತ್ತಡ ಉಳಿದಿರುತ್ತದೆ. ಮಗು ನುಂಗಿದ್ದನ್ನು ಯಾರೂ ನೋಡದಿದ್ದರೆ ಜೊಲ್ಲು, ಕೆಮ್ಮು, ಊಟ ಬೇಡವೆನ್ನುವುದು ಇವಿಷ್ಟೇ ಲಕ್ಷಣಗಳು. ಸಾಮಾನ್ಯ ನೆಗಡಿಯೆಂದು ತಿಳಿದು ಕಾಲ ಕಳೆಯುವ ಅಪಾಯವುಂಟು. ಸಂದೇಹ ಬಂದೊಡನೆ ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು, ವಾಂತಿ ಮಾಡಿಸಬಾರದು. ಒಂದು ವರ್ಷ ತುಂಬಿದ ಮಗುವಾಗಿದ್ದು, ನುಂಗಿ 12 ಗಂಟೆ ಮೀರಿರದೆ, ನುಂಗಲು ಶಕ್ತವಾಗಿದ್ದರೆ, ಮನೆಯಲ್ಲಿ ಜೇನಿದ್ದ ಪಕ್ಷದಲ್ಲಿ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ 10 ಮಿಲಿಲೀಟರಿನಂತೆ ಹೆಚ್ಚೆಂದರೆ ಆರು ಬಾರಿ ಕುಡಿಸಬಹುದೆಂದು ಅಮೆರಿಕದ ವಿಷಚಿಕಿತ್ಸಾ ತಜ್ಞರು ಸೂಚಿಸಿದ್ದಾರೆ; ಜೇನಿಗಾಗಿ ಹುಡುಕುತ್ತ ಆಸ್ಪತ್ರೆಯ ದಾರಿಯನ್ನು ತಡಮಾಡುವುದು ಮಾತ್ರ ಸಲ್ಲದು. ಆ ದೇಶದಲ್ಲಿ 2022ರಲ್ಲಿ, ಗುಂಡಿ ಸೆಲ್ಲಿರುವ ಗೃಹಬಳಕೆಯ ವಸ್ತುಗಳ ಮುಚ್ಚಳವನ್ನು ಮಕ್ಕಳು ತೆರೆಯಲಾಗದಂತಿರಬೇಕೆಂದು ಕಾಯಿದೆಯನ್ನೇ ಮಾಡಲಾಯಿತು. ಉಗುರಿನಿಂದ ಮೀಟಿದರೆ ಮುಚ್ಚಳ ಕಳಚುವ ಕಿರುದೀಪವನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಮನೆಗೆ ತರಲಾಗದು. ಸ್ಕ್ರೂ ಹಾಕಿ ಬಿಗಿದ ಮುಚ್ಚಳವಿದ್ದರೆ ವಿಚಾರ ಮಾಡಬಹುದು.

ಗುಂಡಿ ಸೆಲ್ಲನ್ನು ಬಿಟ್ಟರೆ ಬೀಗದಕೈ ಗೊಂಚಲಿಗೆ ಒಪ್ಪುವುದು ಟಿವಿಯ ರಿಮೋಟಿಗೆ ಹಾಕುವ ‘ಎಎಎ’ ಸೆಲ್ಲು. ಅಕ್ಷರಗಳು ಹೆಚ್ಚಿದಷ್ಟೂ ಗಾತ್ರ ಕಿರಿದಾಗುವ ಈ ನಾಮಕರಣ ವಿಚಿತ್ರವಾದುದು. ಮೂರು ‘ಎ’ ಇರುವುದರಿಂದ ಇದೇ ದೊಡ್ಡದೆಂದು ತಿಳಿದು ಮನೆಗೆ ಒಯ್ದು, ಮರಳಿ ಅಂಗಡಿಗೆ ಬಂದವರೂ ಉಂಟು. ಸೆಲ್ಲಿನ ಮೈಮೇಲೆ ಆರ್ 03 ಎಂಬ ಗುರುತಿದ್ದರೆ ಇದು, ಆರ್ 6 ಎಂದಿದ್ದರೆ ಗೋಡೆ ಗಡಿಯಾರದ ‘ಎಎ’. ಎಎಎ ಸೆಲ್ಲಿನ ವ್ಯಾಸ 10.5, ಉದ್ದ 44.5 ಮಿಲಿಮೀಟರು, ಕ್ಷಾರೀಯ ಬಗೆಯದಾದರೆ ತೂಕ 11ರಿಂದ 12 ಗ್ರಾಂ. ಇದನ್ನು ಒಳಗೊಂಡ ದೀಪ ಕಿರುಬೆರಳಿನ ಉದ್ದಕ್ಕಿಂತ ತುಸು ಹೆಚ್ಚಾದೀತು. ಗೊಂಚಲಿನಲ್ಲಿ ಇದೆಯೆಂಬುದೇ ಮರೆತುಹೋಗುತ್ತದೆ.

ಇದರ ಬೆಳಕಿನ ಲೆಕ್ಕವನ್ನು ಶಾಲೆಯ ಹುಡುಗರೂ ಮಾಡಬಹುದು. ಮರುಚಾರ್ಜಿನ ಎಎಎ ಸೆಲ್ಲಿನ ಸಾಮರ್ಥ್ಯ 750 ಮಿಲಿ ಆಂಪಿಯರ್ ಗಂಟೆ, ಒತ್ತಡ 1.2 ವೋಲ್ಟು, ಗುಣಿಸಿದರೆ 0.9 ವ್ಯಾಟ್ ಗಂಟೆ. ಒತ್ತಡವೇರಿಸುವ ಮಂಡಲಕ್ಕೆ ಐದನೆಯ ಒಂದು ಪಾಲು ಕಳೆದರೆ ಉಳಿಯುವುದು 0.72. ಎಲ್‌ಇಡಿಯು ಒಂದು ವ್ಯಾಟಿಗೆ 100 ಲ್ಯೂಮೆನ್ ಕೊಡುವುದೆಂದು ಇಟ್ಟುಕೊಂಡರೆ, 10 ಲ್ಯೂಮೆನ್ನಿನ ಬೆಳಕು ಏಳು ಗಂಟೆ ದೊರೆಯುತ್ತದೆ. 100 ಲ್ಯೂಮೆನ್ ಬೇಕೆಂದರೆ ಮುಕ್ಕಾಲು ಗಂಟೆಯೂ ಇಲ್ಲ. ಆದಕಾರಣ ಬೆಳಕಿನ ಎರಡು ಮೂರು ಹಂತಗಳಿದ್ದು, ಗುಂಡಿ ಒತ್ತಿದೊಡನೆ ಕೆಳಗಿನ ಹಂತವೇ ಮೊದಲು ಹೊತ್ತುವ ದೀಪವನ್ನು ಆರಿಸುವುದು ಲೇಸು. ಬೆಳಕನ್ನು ನೂರು ಪಾಲಿಗೆ ಏರಿಸಿದರೆ ದೂರ ಹತ್ತು ಪಾಲು ಮಾತ್ರ ಹೆಚ್ಚುವುದೆಂಬ ವಿಲೋಮ ವರ್ಗ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ದೊಡ್ಡ ಅಂಕಿಯನ್ನು ಅಚ್ಚು ಮಾಡಿದ ಡಬ್ಬಿಗೆ ಮರುಳಾಗುವುದು ವ್ಯರ್ಥ.

ಒಂದೇ ಗಾತ್ರದಲ್ಲಿ ಬೇರೆ ಬೇರೆ ರಸಾಯನದ ಸೆಲ್ಲುಗಳಿವೆಯೆಂಬುದು ಇನ್ನೊಂದು ತೊಡಕು. ಅತ್ಯಗ್ಗವಾದ ಸತು ಇಂಗಾಲದ ಸೆಲ್ಲಿನಲ್ಲಿ ಕ್ಷಾರೀಯ ಸೆಲ್ಲಿನ ಅರ್ಧದಷ್ಟೂ ಶಕ್ತಿಯಿರುವುದಿಲ್ಲ. ಕ್ಷಾರೀಯ ಸೆಲ್ಲು ಮಂದ ಬೆಳಕಿಗೆ ಉತ್ತಮ. ಪ್ರಖರ ಬೆಳಕಿಗೆ ಬೇಕಾದ ಸುಮಾರು ಒಂದು ಆಂಪಿಯರನ್ನು ಕೇಳಿದರೆ ಬೇಗ ಸೋಲುತ್ತದೆ. ಇದಕ್ಕಿಂತ ದೊಡ್ಡ ದೋಷವೆಂದರೆ ಅದು ಸೋರುವುದು. ಬಳಸದೆ ತಿಂಗಳುಗಟ್ಟಲೆ ಒಳಗೇ ಬಿಟ್ಟ ಸೆಲ್ಲಿನಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಬಂದು, ಸ್ಪ್ರಿಂಗನ್ನೂ ಎಳೆಗಳನ್ನೂ ಕೊರೆದು, ಬಿಳಿಯ ಉಪ್ಪು ಕಟ್ಟಿದ ದೀಪವನ್ನು ತೆರೆಯಲು ಬಾರದಂತೆ ಮಾಡುತ್ತದೆ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಹೀಗೆ ಸೋರುವುದು ಅಪರೂಪ, ನೂರಾರು ಬಾರಿ ಚಾರ್ಜು ಮಾಡಲೂ ಬರುತ್ತದೆ. ಅದು ಸುಮ್ಮನಿದ್ದಲ್ಲೇ ಬರಿದಾಗುತ್ತದೆಂಬ ದೂರು ಹಿಂದೆ ಸತ್ಯವಾಗಿತ್ತು. ಸ್ಯಾನಿಯೊ ಸಂಸ್ಥೆಯ ಎನೆಲೂಪ್ 2005ರಲ್ಲಿ ಬಂದ ತರುವಾಯ, ವರ್ಷ ಕಳೆದರೂ ಬಹುಪಾಲು ಚಾರ್ಜು ಉಳಿಸಿಕೊಳ್ಳುವ ಸೆಲ್ಲುಗಳು ಸಾಮಾನ್ಯವಾಗಿವೆ. ವರ್ಷಕ್ಕೆ ಎರಡು ಮೂರು ಬಾರಿ ಮಾತ್ರ ಬೇಕಾಗುವ, ಪ್ರವಾಸದ ಚೀಲದಲ್ಲಿ ಬಿದ್ದಿರುವ ದೀಪಕ್ಕಾದರೆ 1.5 ವೋಲ್ಟಿನ ಲಿಥಿಯಂ ಎಎಎ ಸೆಲ್ಲು ಸರ್ವೋತ್ತಮ. ಬೆಲೆ ಹೆಚ್ಚು, ಆದರೆ ಹತ್ತು ವರ್ಷಕ್ಕೂ ಮೀರಿ ಕೆಡದೆ ನಿಲ್ಲುತ್ತದೆ, ತೂಕವೂ 8 ಗ್ರಾಮಿನೊಳಗೆ.

ಎಎ ಸೆಲ್ಲಿನ ವ್ಯಾಸ 14.5, ಉದ್ದ 50.5 ಮಿಲಿಮೀಟರು. ನೋಟಕ್ಕೆ ಎಎಎಗಿಂತ ತುಸುವೇ ದೊಡ್ಡದೆನಿಸುತ್ತದೆ. ಘನ ಅಳತೆಯನ್ನು ಲೆಕ್ಕ ಹಾಕಿದರೆ ಎರಡು ಪಾಲಿಗೂ ಮಿಗಿಲು. ಅಡಗುವ ಶಕ್ತಿಯೂ ಏರಿ, 10 ಲ್ಯೂಮೆನ್ನಿನ ಬೆಳಕು ಏಳು ಗಂಟೆಯ ಬದಲು ಹದಿನೆಂಟು ಗಂಟೆ ನಿಲ್ಲುತ್ತದೆ. ಸೆಲ್ಲೊಂದೇ 23 ಗ್ರಾಮಿನಷ್ಟು ತೂಗುವುದರಿಂದ ಗೊಂಚಲಿಗೆ ಭಾರವೆಂಬುದು ನಿಜ. ನಿತ್ಯವೂ ರಾತ್ರಿ ಪಂಪ್‌ಸೆಟ್ಟಿಗಾಗಿ ಹೊಲಕ್ಕೆ ನಡೆಯುವ ರೈತನಿಗೆ ಗೊಂಚಲಿನ ಅಂದಕ್ಕಿಂತ ಈ ಹನ್ನೊಂದು ಗಂಟೆ ದೊಡ್ಡದು. ಅವನು ಎಎ ದೀಪವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುವುದೇ ಸರಿ.

ಇನ್ನು ಲಿಥಿಯಂ ಅಯಾನಿನ ಸಣ್ಣ ಸೆಲ್ಲುಗಳು. 10440 ಎಂದು ಬರೆದ ಸೆಲ್ಲಿನ ವ್ಯಾಸ 10, ಉದ್ದ 44 ಮಿಲಿಮೀಟರು. ಕೊನೆಯ ಸೊನ್ನೆ ದುಂಡುಕೊಳವೆಯೆಂಬುದರ ಸಂಕೇತ. ಎಎಎ ಇರುವಲ್ಲಿ ಇದು ಸರಿಯಾಗಿ ಕೂರುತ್ತದೆ, ಅಪಾಯವಿರುವುದೂ ಅಲ್ಲಿಯೇ. ತುಂಬಿದಾಗ ಇದರ ಒತ್ತಡ 4.2 ವೋಲ್ಟು, ರಿಮೋಟಿಗೋ ಮಕ್ಕಳ ಆಟಿಕೆಗೋ ಯಾರಾದರೂ ಅರಿಯದೆ ಹಾಕಿದರೆ ಅದು ಸುಟ್ಟುಹೋಗಬಹುದು. ಹಲವರು ಕೂಡಿ ಬಾಳುವ ಮನೆಯಲ್ಲಿ ಇಂತಹ ಸೆಲ್ಲು ತರುವುದು ವಿವೇಕವಲ್ಲ. ಸೆಲ್ಲನ್ನು ಒಳಗೇ ಬೆಸೆದು, ಫೋನಿನ ತಂತಿಯಿಂದಲೇ ಚಾರ್ಜು ಮಾಡುವ ದೀಪಗಳು ಈಗ ಬಲು ಜನಪ್ರಿಯ. ಅವು ಹಗುರ, ಬೆಳಕೂ ಪುಷ್ಕಳ. ಕೆಲವು ವರ್ಷಗಳಲ್ಲಿ ಒಳಗಿನ ಸೆಲ್ಲು ಮುಪ್ಪಾದರೆ ಬದಲಿಸಲು ಬಾರದು; ಕರೆಂಟು ಎರಡು ದಿನ ಬಾರದಿದ್ದರೆ, ಹಳ್ಳಿಯ ಕಿರಾಣಿ ಅಂಗಡಿಯಿಂದ ಸೆಲ್ಲು ತಂದು ಬೆಳಗಿಸಲೂ ಬಾರದು. ಪೇಟೆಯಲ್ಲಿರುವವರಿಗೆ ಈ ಆಕ್ಷೇಪ ಅಷ್ಟು ತಟ್ಟದು.

ವಿದ್ಯಾರ್ಥಿನಿಲಯದ ಮಕ್ಕಳಿಗೆ, ದೂರದಿಂದ ನಡೆದು ಬರುವವರಿಗೆ ಇಂತಹ ದೀಪಗಳನ್ನು ಹತ್ತಾರು ಸಂಖ್ಯೆಯಲ್ಲಿ ಕೊಡಿಸಲು ದಾನಿಗಳು ಮುಂದಾಗುವುದುಂಟು. ಒಂದೇ ಹಣದಲ್ಲಿ ಎಎಎ ದೀಪಕ್ಕಿಂತ ಗುಂಡಿ ಸೆಲ್ಲಿನವು ಹಲವು ಪಟ್ಟು ಬರುತ್ತವೆ, ಎಲ್ಲರ ಕೈಗೂ ಒಂದೊಂದು ಸಿಗುತ್ತದೆ. ಆದರೆ ಆ ದೀಪ ರಜೆಯಲ್ಲಿ ಮನೆಗೆ ಹೋಗುತ್ತದೆ, ಮನೆಯಲ್ಲಿ ತಮ್ಮನೋ ತಂಗಿಯೋ ತೊಟ್ಟಿಲು ಬಿಟ್ಟು ಅಂಬೆಗಾಲಿಡುವ ಹೊತ್ತಾಗಿರುತ್ತದೆ. ಸಂಖ್ಯೆ ಕಡಿಮೆಯಾದರೂ ಎಎಎ ಸೆಲ್ಲಿನ ಲೋಹದ ದೀಪ, ಒಂದು ಕೊಠಡಿಗೆ ಒಂದರಂತೆ, ಜೊತೆಗೆ ನಾಲ್ಕಾರು ಮರುಚಾರ್ಜಿನ ಸೆಲ್ಲುಗಳು ಹಾಗೂ ಒಂದು ಚಾರ್ಜರು ನಿಲಯದ ಕಚೇರಿಯಲ್ಲಿ ಎಂಬ ಏರ್ಪಾಡು ಹೆಚ್ಚು ಕಾಲ ಬಾಳುತ್ತದೆ. ಕೊಳ್ಳುವಾಗ ಮೂರು ನಾಲ್ಕನ್ನು ಬಿಚ್ಚಿ ನೋಡಬೇಕು: ಎಳೆ ಸರಾಗವಾಗಿ ತಿರುಗುತ್ತದೆಯೇ, ನೀರು ತಡೆಯುವ ರಬ್ಬರಿನ ಉಂಗುರವಿದೆಯೇ, ಜೇಬಿನಲ್ಲಿ ತಾನಾಗಿಯೇ ಹೊತ್ತಿಕೊಳ್ಳದಷ್ಟು ಗುಂಡಿ ಬಿಗಿಯಾಗಿದೆಯೇ ಎಂದು. ಬರಿದಾದ ಸೆಲ್ಲುಗಳನ್ನು ಕಸದ ಗುಂಡಿಗೆ ಎಸೆಯಲಾಗದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವುಗಳನ್ನು ಮನೆಗಸದೊಂದಿಗೆ ಬೆರೆಸದೆ ಬೇರೆಯಾಗಿಯೇ ಸಂಗ್ರಹಕ್ಕೆ ಒಪ್ಪಿಸಬೇಕು. ಗುಂಡಿ ಸೆಲ್ಲಾದರೆ ಎಸೆಯುವ ಮೊದಲು ಎರಡೂ ಮುಖಗಳಿಗೆ ಅಂಟುಪಟ್ಟಿ ಸುತ್ತಿ, ಮಕ್ಕಳ ಕೈಗೆಟುಕದ ಡಬ್ಬಿಯಲ್ಲಿ ಇಟ್ಟಿರತಕ್ಕದ್ದು.