ಹದಿನಾಲ್ಕು ನಿಂಬೆಹಣ್ಣಿನ ಮನೆ: ಪಾರ್ಕಿಂಗ್ ಬಗ್ಗೆ ನಾವು ನಂಬಿರುವುದು, ನಿಜ ಇರುವುದು

ಒಂದು ಮನೆಯಲ್ಲಿ ಎಷ್ಟು ಗಾಡಿಗಳಿವೆ ಎಂಬುದು ಸರಿಯಾಗಿ ಗೊತ್ತಾಗುವುದು ಆಯುಧ ಪೂಜೆಯ ದಿನ. ಕಾರಿಗೆ ನಾಲ್ಕು, ಸ್ಕೂಟರಿಗೆ ಎರಡು ಎಂದು ನಿಂಬೆಹಣ್ಣು ಎಣಿಸುತ್ತ ಹೋದರೆ ಲೆಕ್ಕ ಹದಿನಾಲ್ಕಕ್ಕೆ ಬಂದು ನಿಲ್ಲುತ್ತದೆ. ಎರಡು ಕಾರು, ಒಂದು ಬೈಕು, ಎರಡು ಸ್ಕೂಟರು. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ. ಪೋರ್ಟಿಕೋದಲ್ಲಿ ಹಿಡಿಯುವುದು ಒಂದು ಕಾರು, ಒತ್ತರಿಸಿದರೆ ಎರಡು ಸ್ಕೂಟರು. ಮಿಕ್ಕಿದ್ದೆಲ್ಲ ರಸ್ತೆಗೆ. ಮೇಲಿನ ಮಹಡಿಯ ಬಾಡಿಗೆಯವರ ಗಾಡಿಗಳು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ 1 ಕೋಟಿ ದಾಟಿದೆ. ಜಾಗ ಸಾಲುತ್ತಿಲ್ಲ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬೆಳಗ್ಗೆ ಎಂಟಕ್ಕೆ ‘ಅಂಕಲ್, ಗಾಡಿ ಸ್ವಲ್ಪ ತೆಗೀತೀರಾ?’ ಎಂದು ಶುರುವಾಗಿ ಸಂಜೆಯ ಹೊತ್ತಿಗೆ ಮಾತು ಬಿಡುವವರೆಗೆ ಹೋಗುವ ಜಗಳಗಳಲ್ಲಿ ಇಕ್ಕಟ್ಟಿನ ಪಾಲು ಎಷ್ಟಿದೆಯೋ, ತಪ್ಪು ತಿಳಿವಳಿಕೆಯ ಪಾಲೂ ಅಷ್ಟೇ ಇದೆ. ಅಂಥ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ನಮ್ಮ ಮನೆ ಮುಂದಿನ ಜಾಗ ನಮ್ಮದೇ

ಸತ್ಯ: ಬೀರುವಿನಲ್ಲಿರುವ ಕ್ರಯಪತ್ರ ತೆಗೆದು ಚಕ್ಕುಬಂದಿ ಓದಿ. ಪೂರ್ವಕ್ಕೆ ಇಂಥವರ ಸೈಟು, ಪಶ್ಚಿಮಕ್ಕೆ ಇಂಥವರದು ಎಂದು ಬರೆದ ಹಾಗೆಯೇ ಒಂದು ದಿಕ್ಕಿಗೆ ‘ರಸ್ತೆ’ ಎಂದಿರುತ್ತದೆ. ಪಕ್ಕದ ಮನೆಯವರ ಸೈಟು ಹೇಗೆ ನಮ್ಮದಲ್ಲವೋ, ರಸ್ತೆಯೂ ಹಾಗೆಯೇ. ನಮ್ಮ ಹಕ್ಕು ಕಾಂಪೌಂಡಿಗೆ ಮುಗಿಯುತ್ತದೆ. ಅಲ್ಲಿಂದಾಚೆಗಿನ ರಸ್ತೆ ಸಾರ್ವಜನಿಕರದ್ದು, ಅದರ ಹೊಣೆ ಪಾಲಿಕೆಯದು. ಬೆಳಗ್ಗೆ ಕಾರು ತೆಗೆದ ಕೂಡಲೇ ಅಲ್ಲಿ ಇಡುವ ಹೂವಿನ ಕುಂಡ, ಸೈಜುಗಲ್ಲು, ಹಳೇ ಟೈರು, ಸರಪಳಿ ಎಲ್ಲವೂ ಕಾನೂನಿನ ಕಣ್ಣಿನಲ್ಲಿ ರಸ್ತೆಯ ಒತ್ತುವರಿ. ಫುಟ್‌ಪಾತಿನ ಮೇಲೆ ಹತ್ತಿಸಿ ಕಟ್ಟಿದ ಇಳಿಜಾರಿಗೂ ಇದೇ ಮಾತು.

ಹಾಗಾದರೆ ಮನೆಯವರಿಗೆ ಯಾವ ಹಕ್ಕೂ ಇಲ್ಲವೇ? ಇದೆ. ಗೇಟಿನಿಂದ ಒಳಗೆ ಹೋಗುವ, ಹೊರಗೆ ಬರುವ ದಾರಿಯ ಹಕ್ಕು. ಯಾವುದೇ ಆಸ್ತಿಯ ಪ್ರವೇಶಕ್ಕೆ ಅಡ್ಡವಾಗಿ ವಾಹನ ನಿಲ್ಲಿಸುವಂತಿಲ್ಲ ಎಂದು 2017ರ ಮೋಟಾರು ವಾಹನ ಚಾಲನಾ ನಿಯಮಗಳು ಹೇಳುತ್ತವೆ. ಯಾರಾದರೂ ಗೇಟಿಗೆ ಅಡ್ಡ ನಿಲ್ಲಿಸಿದರೆ ಸಂಚಾರ ಪೊಲೀಸರಿಗೆ ದೂರು ಕೊಡಬಹುದು. ಗೇಟಿನ ಪಕ್ಕದ ಕಾಂಪೌಂಡಿನ ಉದ್ದಕ್ಕೆ ನಿಲ್ಲಿಸಿದರೆ ‘ಇದು ನಮ್ಮ ಜಾಗ’ ಎಂಬ ವಾದ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ 2: ‘ನೋ ಪಾರ್ಕಿಂಗ್’ ಬೋರ್ಡ್ ಇದ್ದರೆ ಮಾತ್ರ ನಿಲ್ಲಿಸಬಾರದು

ಸತ್ಯ: ಫುಟ್‌ಪಾತ್, ಪಾದಚಾರಿ ದಾಟುವ ಪಟ್ಟೆ, ಜಂಕ್ಷನ್ನಿನ ಅಂಚು, ಮನೆಯ ಗೇಟು ಇವುಗಳಿಗೆ ಬೋರ್ಡಿನ ಅಗತ್ಯವೇ ಇಲ್ಲ. ನಿಷೇಧ ನಿಯಮದಲ್ಲೇ ಇದೆ.

ಇದರ ಇನ್ನೊಂದು ಮಗ್ಗುಲೂ ಇದೆ. ಮನೆಯವರು ತಾವೇ ಬಣ್ಣ ಬಳಿದು ನೇತುಹಾಕಿದ ಬೋರ್ಡಿಗೆ ಸ್ವಂತ ಬಲವಿಲ್ಲ. ಅದೊಂದು ಕೋರಿಕೆ ಅಷ್ಟೆ. ‘ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಎಂಬ ಒಕ್ಕಣೆಯಂತೂ ಬರೆದವರಿಗೇ ಮುಳುವು. ಬೇರೆಯವರ ಸ್ವತ್ತಿಗೆ ಬೇಕೆಂದೇ ಹಾನಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿನಡಿ ಅಪರಾಧ. ಟೈರಿಗೆ ಮೊಳೆ ಚುಚ್ಚಿದ ದಿನ, ಅಲ್ಲಿಯವರೆಗೆ ದೂರುದಾರರಾಗಿದ್ದವರು ಆರೋಪಿಗಳಾಗುತ್ತಾರೆ.

ತಪ್ಪು ಕಲ್ಪನೆ 3: ನಿಷೇಧವಿಲ್ಲದ ರಸ್ತೆಯಲ್ಲಿ ಎಷ್ಟು ದಿನ ಬೇಕಾದರೂ ಬಿಡಬಹುದು

ಸತ್ಯ: 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮು ಓದಿದವರು ಕಡಿಮೆ. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಯಾರೂ ಇಲ್ಲದೆ ಬಿಟ್ಟ ವಾಹನವನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎಳೆಸಬಹುದು, ಚಕ್ರಕ್ಕೆ ಬೀಗ ಹಾಕಿಸಬಹುದು ಎನ್ನುತ್ತದೆ ಅದು. ಖರ್ಚು ಮಾಲೀಕರದ್ದು. ರಾತ್ರಿ ಒಂಬತ್ತಕ್ಕೆ ನಿಲ್ಲಿಸಿ ಬೆಳಗ್ಗೆ ಏಳಕ್ಕೆ ತೆಗೆದರೆ ಆ ಹತ್ತು ಗಂಟೆ ತುಂಬಿತು! ಹಾಗೆಂದು ಬಡಾವಣೆಯ ರಸ್ತೆಗೆ ದಿನಾ ಟೋಯಿಂಗ್ ಗಾಡಿ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಬಾರದಿರುವುದು ರೂಢಿ, ಹಕ್ಕಲ್ಲ. ರಸ್ತೆಯನ್ನೇ ಎರಡನೇ ಪೋರ್ಟಿಕೋ ಎಂದು ಲೆಕ್ಕಕ್ಕೆ ಹಿಡಿದು ಮೂರನೇ ಗಾಡಿ ಕೊಳ್ಳುವವರು ಈ ವ್ಯತ್ಯಾಸವನ್ನು ನೆನಪಿಡಬೇಕು.

ತಪ್ಪು ಕಲ್ಪನೆ 4: ನಾಲ್ಕು ಮೀಟರಿನೊಳಗಿನ ಕಾರು ಎಲ್ಲಿ ಬೇಕಾದರೂ ಹಿಡಿಯುತ್ತದೆ

ಸತ್ಯ: ನಾಲ್ಕು ಮೀಟರ್ ಎಂಬುದು ತೆರಿಗೆಯ ಗೆರೆ. 2006ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದಾಗ ಹಾಕಿದ ಅಳತೆ ಅದು. ಕಂಪನಿಗಳು ಉದ್ದವನ್ನು ಆ ಗೆರೆಯೊಳಗೆ ಹಿಡಿದಿಟ್ಟು ಅಗಲವನ್ನು ಬೆಳೆಸುತ್ತ ಬಂದವು. ಮಾರುತಿ 800 ಕಾರಿನ ಅಗಲ 1,440 ಮಿಲಿಮೀಟರ್. ನಾಲ್ಕು ಮೀಟರಿನೊಳಗಿನದೇ ಆದ ಟಾಟಾ ನೆಕ್ಸಾನ್ 1,804 ಮಿಲಿಮೀಟರ್. ಒಂದು ಅಡಿಗಿಂತ ಹೆಚ್ಚು ದಪ್ಪ. ಅದೂ ಕನ್ನಡಿಗಳನ್ನು ಬಿಟ್ಟು, ಏಕೆಂದರೆ ಕಂಪನಿ ಕೊಡುವ ಅಗಲದಲ್ಲಿ ಸಾಮಾನ್ಯವಾಗಿ ಕನ್ನಡಿ ಸೇರಿರುವುದಿಲ್ಲ. ಅಪ್ಪ ಮಾರುತಿ 800ಕ್ಕೆಂದು ಇಡಿಸಿದ ಎಂಟು ಅಡಿ ಗೇಟಿನಲ್ಲಿ ಮಗನ ಎಸ್‌ಯುವಿ ನುಸುಳುವಾಗ ಇಡೀ ಮನೆ ಉಸಿರು ಬಿಗಿಹಿಡಿದು ನಿಲ್ಲುವುದು ಇದಕ್ಕೇ.

ಕಾರು ಬುಕ್ ಮಾಡುವ ಮುಂಚೆ ಟೇಪು ಹಿಡಿದು ಮನೆಯನ್ನು ಅಳೆಯಬೇಕು. ಈಗಿನ ಒಂದು ಕಾರಿಗೆ ಸುಮಾರು ಆರು ಅಡಿ ಅಗಲ. ಬಾಗಿಲು ತೆಗೆದು ಇಳಿಯಲು ಪಕ್ಕಕ್ಕೆ ಎರಡು ಅಡಿಯಾದರೂ ಬೇಕು. ಅಂದರೆ ಅಕ್ಕಪಕ್ಕ ಎರಡು ಕಾರಿಗೆ, ಮೂರು ಸಂದು ಸೇರಿ, 18 ಅಡಿ. ಅಷ್ಟಿಲ್ಲದವರಿಗೆ ಒಂದು ಉಪಾಯವಿದೆ. ಗೇಟಿನಲ್ಲಿ ಮನೆಯತ್ತ ಮುಖ ಮಾಡಿ ನಿಂತಾಗ ಎಡಗಡೆಯ ಕಾರು ಮೂತಿಯನ್ನು ಮನೆಯ ಕಡೆಗೆ, ಬಲಗಡೆಯದು ಮೂತಿಯನ್ನು ಗೇಟಿನ ಕಡೆಗೆ ಮಾಡಿ ನಿಲ್ಲಲಿ. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕಿರುವುದರಿಂದ ಎರಡೂ ಕಾರಿನ ಚಾಲಕರ ಬಾಗಿಲು ನಡುವಿನ ಒಂದೇ ಸಂದಿಗೆ ತೆರೆಯುತ್ತವೆ. ಎರಡು ಬದಿಯ ಗೋಡೆಗೆ ಗೇಣು ಜಾಗ ಬಿಟ್ಟರೆ ಸಾಕು. ಉಳಿದವರು ಗೇಟಿನ ಹೊರಗೇ ಇಳಿಯಬೇಕು, ಅಷ್ಟೆ. ಒಳಕ್ಕೆ ತೆರೆಯುವ ಗೇಟನ್ನು ಪಕ್ಕಕ್ಕೆ ಸರಿಯುವ ಗೇಟಾಗಿ ಬದಲಿಸಿದರೆ ರೆಕ್ಕೆ ತಿರುಗಲು ವ್ಯರ್ಥವಾಗುತ್ತಿದ್ದ ನಾಲ್ಕೈದು ಅಡಿ ಉಳಿಯುತ್ತದೆ. ಅದರಲ್ಲಿ ಸ್ಕೂಟರುಗಳನ್ನು ಸೈಡ್ ಸ್ಟ್ಯಾಂಡಿನ ಬದಲು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರೆ ವಾಲಿ ನುಂಗುವ ಜಾಗವೂ ಮಿಗುತ್ತದೆ.

ತಪ್ಪು ಕಲ್ಪನೆ 5: ಮೊದಲು ಬಂದವರು ಒಳಗೆ, ಆಮೇಲೆ ಬಂದವರು ಹಿಂದೆ

ಸತ್ಯ: ಒಂದರ ಹಿಂದೊಂದು ನಿಲ್ಲಿಸುವ ಮನೆಗಳಲ್ಲಿ ಮುಖ್ಯವಾದದ್ದು ಬರುವ ಹೊತ್ತಲ್ಲ, ಮರುದಿನ ಹೊರಡುವ ಹೊತ್ತು. ಆರೂವರೆಗೆ ಶಾಲೆಗೆ ಬಿಡಬೇಕಾದ ಸ್ಕೂಟರು ಗೇಟಿನ ಬಾಯಲ್ಲಿರಬೇಕು, ಭಾನುವಾರ ಮಾತ್ರ ಹೊರಡುವ ಕಾರು ಗೋಡೆಯ ಬುಡದಲ್ಲಿ. ರಾತ್ರಿ ಊಟದ ಹೊತ್ತಿಗೆ ‘ನಾಳೆ ಯಾರು ಎಷ್ಟಕ್ಕೆ?’ ಎಂದು ಕೇಳಿ ಒಂದು ಸಲ ಹೊಂದಿಸಿದರೆ ಬೆಳಗ್ಗೆ ಮೂರು ಸಲ ತೆಗೆದು ಇಡುವ ಪರದಾಟ ತಪ್ಪುತ್ತದೆ. ಎಲ್ಲ ಕೀಗಳೂ ಬಾಗಿಲ ಪಕ್ಕದ ಒಂದೇ ಮೊಳೆಯ ಹಲಗೆಯಲ್ಲಿರಲಿ. ಬಾಡಿಗೆ ಕೊಡುವಾಗ ಎಷ್ಟು ಗಾಡಿಗೆ ಜಾಗ, ಎಲ್ಲಿ ಎಂಬುದು ಕರಾರುಪತ್ರದಲ್ಲೇ ಬರಲಿ. ಬಾಯಿಮಾತಿನಲ್ಲಿ ‘ಅಡ್ಜಸ್ಟ್ ಮಾಡ್ಕೊಳ್ಳೋಣ’ ಎಂದದ್ದು ಮೂರನೇ ತಿಂಗಳಿಗೆ ಯಾರಿಗೂ ನೆನಪಿರುವುದಿಲ್ಲ.

ತಪ್ಪು ಕಲ್ಪನೆ 6: ಮನೆ ಮುಂದೆ ರಿವರ್ಸ್ ತೆಗೆಯೋಕೆ ಲೈಸೆನ್ಸ್ ಯಾಕೆ?

ಸತ್ಯ: ‘ಪುಟ್ಟಾ, ಕಾರು ಸ್ವಲ್ಪ ಹಿಂದಕ್ಕೆ ತಗೋ’ ಎಂದು ಹತ್ತನೇ ಕ್ಲಾಸಿನ ಹುಡುಗನಿಗೆ ಕೀ ಎಸೆಯುವುದು ಎಲ್ಲ ಬೀದಿಗಳಲ್ಲೂ ಕಾಣುವ ದೃಶ್ಯ. ಗೇಟಿನಾಚೆ ಚಕ್ರ ಉರುಳಿದ ಕ್ಷಣ ಅದು ಸಾರ್ವಜನಿಕ ಸ್ಥಳ. ದೂರ ಎಷ್ಟೆಂದು ಕಾನೂನು ಕೇಳುವುದಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಕಾನೂನು ಬದಿಗಿರಲಿ, ರಿವರ್ಸ್ ಬರುವ ಕಾರಿನ ಬೆನ್ನಿಗೆ ಸಣ್ಣ ಮಕ್ಕಳು ಕಾಣುವುದಿಲ್ಲ. ಒಬ್ಬರು ಇಳಿದು ಹಿಂದೆ ನಿಂತು ನೋಡಲೇಬೇಕು.

ತಪ್ಪು ಕಲ್ಪನೆ 7: ನಿಂತ ಗಾಡಿ ಏನು ಕೇಳುತ್ತದೆ? ಐದು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟರೆ ಸಾಕು

ಸತ್ಯ: ಜಾಗ ಸಾಲದ ಮನೆಯಲ್ಲಿ ಒಂದು ಗಾಡಿ ಮೂಲೆ ಸೇರುತ್ತದೆ. ಅದನ್ನು ತೆಗೆಯಲು ಮೂರು ಗಾಡಿ ಸರಿಸಬೇಕಾದ್ದರಿಂದ ಯಾರೂ ತೆಗೆಯುವುದಿಲ್ಲ, ತೆಗೆಯದ್ದರಿಂದ ಅದು ಕೆಡುತ್ತದೆ. ಕೀ ತೆಗೆದಿಟ್ಟ ಮೇಲೂ ಗಡಿಯಾರ, ಅಲಾರಂ, ಕಂಪ್ಯೂಟರ್ ಬ್ಯಾಟರಿಯನ್ನು ಹನಿಹನಿಯಾಗಿ ಹೀರುತ್ತಿರುತ್ತವೆ. ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜು ಐದು ನಿಮಿಷದ ಐಡ್ಲಿಂಗಿನಲ್ಲಿ ಸರಿಯಾಗಿ ತುಂಬುವುದಿಲ್ಲ. ವಾರಕ್ಕೊಮ್ಮೆ ಇಪ್ಪತ್ತು-ಮೂವತ್ತು ನಿಮಿಷ ಓಡಿಸಿದರೆ ಬ್ಯಾಟರಿ ಚೇತರಿಸಿಕೊಳ್ಳುತ್ತದೆ, ಟೈರು ಒಂದೇ ಮಗ್ಗುಲಲ್ಲಿ ಚಪ್ಪಟೆಯಾಗುವುದಿಲ್ಲ, ಇಂಜಿನ್ನಿನಲ್ಲಿ ಇಲಿ ಸಂಸಾರ ಹೂಡುವುದೂ ಕಡಿಮೆ. ವಾರಗಟ್ಟಲೆ ನಿಲ್ಲಿಸುವುದಾದರೆ ಸಮತಟ್ಟಿನಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಡಬೇಕು. ಮಳೆಗಾಲದಲ್ಲಿ ಬ್ರೇಕು ಹಿಡಿದುಕೊಂಡುಬಿಡುತ್ತದೆ. ಒದ್ದೆ ಕಾರಿಗೆ ಕವರ್ ಹೊದಿಸಿದರೆ ತುಕ್ಕಿಗೆ ಆಮಂತ್ರಣ.

ಇನ್ನೊಂದು ಎಚ್ಚರಿಕೆ: ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಚಾಲೂ ಇಟ್ಟು ಒಳಗೆ ಕಾಫಿಗೆ ಹೋಗಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ತಪ್ಪು ಕಲ್ಪನೆ 8: ಓಡದ ಗಾಡಿಗೆ ಇನ್ಶೂರೆನ್ಸ್ ದಂಡ

ಸತ್ಯ: ರಸ್ತೆಯಲ್ಲಿ ನಿಂತಿದ್ದರೂ ಅದು ಸಾರ್ವಜನಿಕ ಸ್ಥಳದಲ್ಲಿರುವ ವಾಹನವೇ. ವಾಹನದ ‘ಬಳಕೆ’ ಎಂದರೆ ಓಡುವುದಷ್ಟೇ ಅಲ್ಲ, ನಿಂತಿರುವುದೂ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅದು ಅಪಘಾತದಲ್ಲಿ ಮಗುಚಿ ಬಿದ್ದು, ಕೆಲವು ಗಂಟೆಗಳ ನಂತರ ಸ್ಫೋಟಿಸಿದ ಪೆಟ್ರೋಲ್ ಟ್ಯಾಂಕರಿನ ಪ್ರಕರಣ. ಜೊತೆಗೆ, ಪಾಲಿಸಿ ಮುಗಿದು 90 ದಿನ ದಾಟಿದರೆ ವರ್ಷಗಳಿಂದ ಕೂಡಿಟ್ಟ ನೋ ಕ್ಲೇಮ್ ಬೋನಸ್ ಹೋಗುತ್ತದೆ.

ತಪ್ಪು ಕಲ್ಪನೆ 9: ಅಪಾರ್ಟ್‌ಮೆಂಟಿನ ಪಾರ್ಕಿಂಗ್ ದುಡ್ಡು ಕೊಟ್ಟು ಕೊಂಡದ್ದು, ಏನು ಬೇಕಾದರೂ ಮಾಡಬಹುದು

ಸತ್ಯ: ತೆರೆದ ಜಾಗದ ಪಾರ್ಕಿಂಗ್ ಎಲ್ಲ ನಿವಾಸಿಗಳ ಸಾಮಾನ್ಯ ಪ್ರದೇಶ ಎಂದು 2016ರ ರೇರಾ ಕಾಯ್ದೆ ಹೇಳುತ್ತದೆ. ಕಂಬಗಳ ನಡುವಿನ ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಎಂದು 2010ರಲ್ಲಿ, ಮಹಾರಾಷ್ಟ್ರದ ಕಾಯ್ದೆಯಡಿಯ ನಹಾಲ್‌ಚಂದ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕೈಗೆ ಬಂದಿರುವುದು ಬಳಸುವ ಹಕ್ಕೋ, ಒಡೆತನವೋ ಎಂದು ಕಾಗದ ನೋಡಿಯೇ ಮಾತಾಡಬೇಕು.

ತಪ್ಪು ಕಲ್ಪನೆ 10: ಮೆಕ್ಯಾನಿಕ್‌ಗೆ ಮಾರಿ ಸಹಿ ಹಾಕಿ ಕೊಟ್ಟರೆ ಗಾಡಿಯ ಋಣ ತೀರಿತು

ಸತ್ಯ: ಜಾಗ ಖಾಲಿಯಾಗುತ್ತದೆ, ಹೊಣೆ ಖಾಲಿಯಾಗುವುದಿಲ್ಲ. ಆರ್‌ಸಿಯಲ್ಲಿ ಹೆಸರು ಯಾರದೋ ಅವರೇ ಮಾಲೀಕರು. ಮಾರಿದ ಮೇಲೆ ವರ್ಗಾವಣೆಯಾಗದೆ ಅಪಘಾತವಾದರೂ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ಹೆಸರು ಬದಲಾದ ಆರ್‌ಸಿಯ ಪ್ರತಿ ಕಣ್ಣಿಗೆ ಬೀಳುವವರೆಗೆ ಬಿಡಬಾರದು.

ತಪ್ಪು ಕಲ್ಪನೆ 11: ಜಾಗ ನೋಡಿ ಗಾಡಿ ಕೊಳ್ಳುವುದು ಈ ಕಾಲದಲ್ಲಿ ಆಗದ ಮಾತು

ಸತ್ಯ: ಜಪಾನಿನಲ್ಲಿ 1962ರಿಂದಲೇ ಇದಕ್ಕೊಂದು ಕಾನೂನಿದೆ. ಬಹುತೇಕ ಕಡೆ, ಮನೆಯಿಂದ 2 ಕಿಲೋಮೀಟರಿನೊಳಗೆ ನಿಲ್ಲಿಸುವ ಜಾಗವಿದೆ ಎಂದು ಪೊಲೀಸರಿಂದ ಪ್ರಮಾಣಪತ್ರ ತಂದವರಿಗೇ ಕಾರಿನ ನೋಂದಣಿ. ಬೆಂಗಳೂರಿಗೂ ನಗರ ಭೂಸಾರಿಗೆ ನಿರ್ದೇಶನಾಲಯ ‘ಪಾರ್ಕಿಂಗ್ ನೀತಿ 2.0’ ರೂಪಿಸಿದೆ. ರಸ್ತೆಯಲ್ಲಿ ನಿಲ್ಲಿಸುವ ನಿವಾಸಿಗಳು ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟಿ ಪರವಾನಗಿ ಪಡೆಯಬೇಕೆಂಬ ಯೋಚನೆ ಅದರಲ್ಲಿದೆ. ಇವತ್ತು ಪುಕ್ಕಟೆ ಸಿಗುವ ರಸ್ತೆ ನಾಳೆಯೂ ಹಾಗೇ ಇರುತ್ತದೆ ಎಂಬ ಭರವಸೆ ಯಾರೂ ಕೊಟ್ಟಿಲ್ಲ.

ಅಮೆರಿಕದ ನಗರ ಯೋಜನಾ ತಜ್ಞ ಡೊನಾಲ್ಡ್ ಶೂಪ್ ಒಂದು ಲೆಕ್ಕ ಮುಂದಿಟ್ಟಿದ್ದರು: ಕಾರು ತನ್ನ ಆಯುಸ್ಸಿನ ಸುಮಾರು ನೂರಕ್ಕೆ 95 ಭಾಗವನ್ನು ನಿಂತೇ ಕಳೆಯುತ್ತದೆ. ಅಂದ ಮೇಲೆ ನಾವು ಕೊಳ್ಳುವಾಗ ಮೈಲೇಜು ಕೇಳುವಷ್ಟೇ ಶ್ರದ್ಧೆಯಿಂದ ಕೇಳಬೇಕಾದ ಪ್ರಶ್ನೆ, ಇದು ಎಲ್ಲಿ ನಿಲ್ಲುತ್ತದೆ ಎಂಬುದು.

ಮುಂದಿನ ಆಯುಧ ಪೂಜೆಗೆ ನಿಂಬೆಹಣ್ಣು ತರುವ ಮುಂಚೆ ಮನೆಯ ಗಾಡಿಗಳನ್ನೆಲ್ಲ ಒಮ್ಮೆ ನೋಡಿ. ಬಾಳೆಕಂದು ಕಟ್ಟಿಸಿಕೊಂಡು, ಜಂಪ್ ಸ್ಟಾರ್ಟ್ ಮಾಡಿಸಿಕೊಂಡು, ವರ್ಷಕ್ಕೊಂದು ಸಲ ನಿಂಬೆಹಣ್ಣು ಹತ್ತಿ ಇಳಿಯಲಷ್ಟೇ ನಾಲ್ಕು ಅಡಿ ಉರುಳುವ ಗಾಡಿ ಅಲ್ಲೊಂದು ಇರಬಹುದು. ಇದ್ದರೆ, ನಿಮ್ಮ ಮನೆಯಲ್ಲಿ ಇನ್ನೊಂದು ಕಾರಿಗೆ ಜಾಗ ಆಗಲೇ ಇದೆ.