ಹಲ್ಲಿನ ಬೇರು ತೊಳೆಸಿದ ಮೇಲೆ ನೋವೇಕೆ?

ರಾತ್ರಿಯಿಡೀ ಎಚ್ಚರವಿದ್ದು ಶ್ರೀಕೃಷ್ಣ ಪಾರಿಜಾತದ ಆಟವನ್ನು ನೋಡುವುದು ಕುಲಗೋಡದ ಜನರಿಗೆ ಹೊಸದಲ್ಲ. ಆ ಆಟಕ್ಕೆ ಹೆಸರು ತಂದ ತಮ್ಮಣ್ಣನ ಊರೇ ಇದು. ಆದರೆ ಹಲ್ಲುನೋವಿನಿಂದ ನಿದ್ದೆಗೆಟ್ಟು ಒಂದು ರಾತ್ರಿ ಕಳೆಯುವುದು ಎಂತಹ ಗಟ್ಟಿಗರಿಗೂ ಕಷ್ಟ. ಹೀಗೆ ನರಳಿದವರು ಮರುದಿನ ದಂತವೈದ್ಯರ ಬಳಿಗೆ ಹೋಗಿ ಬೇರುನಾಳ ಚಿಕಿತ್ಸೆಯನ್ನು ಆರಂಭಿಸುವುದುಂಟು. ಇದನ್ನೇ ಜನರು ರೂಟ್ ಕೆನಾಲ್ ಎಂದೂ ಬೇರು ತೊಳೆಸುವುದು ಎಂದೂ ಕರೆಯುತ್ತಾರೆ. ಚಿಕಿತ್ಸೆಯಾದ ರಾತ್ರಿ ನೋವು ಕಂಡುಬಂದರೆ ಅನೇಕರು ಹೆದರಿ ಅದನ್ನು ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಇದು ದೊಡ್ಡ ತಪ್ಪು.

ಈ ಭಾಗದ ಒಬ್ಬ ಐದು ತಿಂಗಳ ಗರ್ಭಿಣಿಯನ್ನು ಆಕೆಯ ಪತಿಯು ಈ ಲೇಖಕನ ಬಳಿಗೆ ಕರೆತಂದಾಗ ಆಕೆಯ ಕೆನ್ನೆ ಕಣ್ಣಿನವರೆಗೆ ಬಾತುಕೊಂಡಿತ್ತು. ಜ್ವರವೂ ಇತ್ತು. ಒಂದು ತಿಂಗಳ ಹಿಂದೆ ಚಿಕಿತ್ಸೆಯ ಮೊದಲ ಸರದಿ ಮುಗಿದಿತ್ತು. "ಸಾಹೇಬ್ರ, ಬೇರ ತೊಳಸಿದ ರಾತ್ರಿನ ನೋವು ಹೆಚ್ಚಾತ್ರಿ. ಹೊಟ್ಯಾಗಿನ ಕೂಸಿಗೆ ಏನರ ಆದೀತಂತ ಅಂಜಿ ಮತ್ತ ಕರಕೊಂಡು ಹೋಗಲಿಲ್ರಿ" ಎಂದು ಆತನು ಹೇಳಿದನು. ಹೆಂಡತಿಯ ಮೇಲಿನ ಕಾಳಜಿಯಿಂದಲೇ ಆತನು ಹೀಗೆ ಮಾಡಿದ್ದನು. ಆದರೆ ತಾತ್ಕಾಲಿಕವಾಗಿ ತುಂಬಿದ್ದ ಸಿಮೆಂಟು ಉದುರಿ, ಬೇರಿನೊಳಗೆ ಮತ್ತೆ ರೋಗಾಣುಗಳು ಸೇರಿ, ಕೀವಾಗಿತ್ತು. ಕೀವನ್ನು ತೆಗೆಸಿ, ಚಿಕಿತ್ಸೆಯನ್ನು ಪೂರ್ಣಗೊಳಿಸಿದ ಮೇಲೆ ಆಕೆ ಗುಣಮುಖಳಾದಳು. ಆ ಮೊದಲ ರಾತ್ರಿಯ ನೋವು ಎಂತಹದು ಎಂಬುದನ್ನು ಅವರಿಗೆ ಯಾರಾದರೂ ಮೊದಲೇ ತಿಳಿಸಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಆದುದರಿಂದಲೇ ಈ ಲೇಖನ.

ಹಲ್ಲಿನ ಒಳಗೆ ಏನಿದೆ?

ಹಲ್ಲು ಹೊರಗೆ ಕಲ್ಲಿನಂತೆ ಕಂಡರೂ ಒಳಗೆ ಜೀವವುಳ್ಳದ್ದು. ಹೊರಗಿನ ಬಿಳಿಯ ಗಟ್ಟಿ ಕವಚದ ಕೆಳಗೆ ಹಳದಿ ಛಾಯೆಯ ಇನ್ನೊಂದು ಪದರವಿದೆ. ಅದರ ನಡುವೆ ಮೃದುವಾದ ತಿರುಳು ಇರುತ್ತದೆ. ರಕ್ತನಾಳಗಳೂ ನರಗಳೂ ಇರುವುದು ಈ ತಿರುಳಿನಲ್ಲಿಯೇ. ತಿರುಳು ಬೇರಿನ ಒಳಗಿರುವ ಕೂದಲೆಳೆಯಂತಹ ಕಿರಿದಾದ ನಾಳಗಳ ಮೂಲಕ ದವಡೆಯ ಎಲುಬಿನವರೆಗೆ ಇಳಿದಿರುತ್ತದೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದು ನಾಳವಿದ್ದರೆ ದವಡೆ ಹಲ್ಲಿಗೆ ಮೂರು ಅಥವಾ ನಾಲ್ಕು ನಾಳಗಳಿರುತ್ತವೆ.

ಹುಳುಕು ಆಳಕ್ಕೆ ಇಳಿದಾಗ ರೋಗಾಣುಗಳು ತಿರುಳನ್ನು ಸೇರುತ್ತವೆ. ತಿರುಳು ಬಾತುಕೊಳ್ಳುತ್ತದೆ. ಸುತ್ತಲೂ ಗಟ್ಟಿಯಾದ ಗೋಡೆ ಇರುವುದರಿಂದ ಬಾವು ಹರಡಲು ಸ್ಥಳವಿಲ್ಲದೆ ಒತ್ತಡ ಹೆಚ್ಚಿ ಅಸಹ್ಯ ನೋವು ಉಂಟಾಗುತ್ತದೆ. ಇಂತಹ ಹಲ್ಲನ್ನು ಕೀಳದೆ ಉಳಿಸಿಕೊಳ್ಳುವ ಉಪಾಯವೇ ಬೇರುನಾಳ ಚಿಕಿತ್ಸೆ. ವೈದ್ಯರು ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಕೆಟ್ಟ ತಿರುಳನ್ನು ತೆಗೆದು, ಸಣ್ಣ ಅರಗಳಿಂದ ನಾಳವನ್ನು ಕೆರೆದು, ಔಷಧಿಯ ನೀರಿನಿಂದ ತೊಳೆದು, ಕೊನೆಗೆ ಗಟ್ಟಾ ಪರ್ಚಾ ಎಂಬ ರಬ್ಬರಿನಂತಹ ವಸ್ತುವಿನಿಂದ ತುಂಬುತ್ತಾರೆ.

ತೊಳೆಯುವುದು ಏಕೆ ಅಗತ್ಯ?

ಬೇರಿನ ನಾಳವು ನೇರವಾದ ಕೊಳವೆಯಲ್ಲ. ಅದಕ್ಕೆ ಡೊಂಕುಗಳೂ ಕವಲುಗಳೂ ಇರುತ್ತವೆ. ಅರವು ಮುಟ್ಟಲಾರದ ಮೂಲೆಗಳನ್ನು ದ್ರವವೊಂದೇ ಮುಟ್ಟಬಲ್ಲದು. ಇದಕ್ಕಾಗಿ ಹೆಚ್ಚಾಗಿ ಬಳಸುವುದು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ನಮ್ಮ ಆರೋಗ್ಯ ಕಾರ್ಯಕರ್ತರು ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ವರ್ಗಕ್ಕೇ ಇದು ಸೇರಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಹೆನ್ರಿ ಡೇಕಿನ್ ಎಂಬ ರಸಾಯನಶಾಸ್ತ್ರಜ್ಞನೂ ಅಲೆಕ್ಸಿಸ್ ಕ್ಯಾರೆಲ್ ಎಂಬ ಶಸ್ತ್ರವೈದ್ಯನೂ ಇದರ ಶೇಕಡಾ 0.5ರ ದ್ರಾವಣದಿಂದ ಸೈನಿಕರ ಗಾಯಗಳನ್ನು ತೊಳೆದು ಸತ್ಫಲ ಪಡೆದರು. ಅನಂತರ ಇದು ದಂತವೈದ್ಯದಲ್ಲಿಯೂ ಬಳಕೆಗೆ ಬಂದಿತು. ಇದು ರೋಗಾಣುಗಳನ್ನು ಕೊಲ್ಲುವುದಲ್ಲದೆ ಸತ್ತ ತಿರುಳನ್ನೂ ಕರಗಿಸುತ್ತದೆ. ಆದರೆ ಬೇರಿನ ತುದಿಯನ್ನು ದಾಟಿ ಹೊರಬಿದ್ದರೆ ಜೀವವಿರುವ ಮಾಂಸವನ್ನೂ ಸುಡುತ್ತದೆ. ತೊಳೆಯುವ ಕ್ರಮದಲ್ಲಿ ಎಚ್ಚರಿಕೆ ಬೇಕಾಗಿರುವುದು ಈ ಕಾರಣದಿಂದಲೇ.

ತೊಳೆಯುವ ಕ್ರಮಕ್ಕೂ ನೋವಿಗೂ ಸಂಬಂಧವೇನು?

ಧೂಪದಾಳದ ಒಡ್ಡನ್ನೂ ಹಿಡಕಲ್ ಜಲಾಶಯವನ್ನೂ ಘಟಪ್ರಭೆಯ ಕಾಲುವೆಗಳನ್ನೂ ಬಲ್ಲ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ರೈತರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಕಾಲುವೆಯಲ್ಲಿ ಹೂಳು ತುಂಬಿದ್ದರೆ ನೀರು ಕೊನೆಯ ಹೊಲವನ್ನು ಮುಟ್ಟುವುದಿಲ್ಲ. ಮುಟ್ಟಿಸಬೇಕೆಂದು ಒಮ್ಮೆಲೇ ರಭಸದಿಂದ ಬಿಟ್ಟರೆ ಒಡ್ಡು ಒಡೆದು ಪಕ್ಕದ ಬೆಳೆ ಹಾಳಾಗುತ್ತದೆ. ಹಲ್ಲಿನ ನಾಳಕ್ಕೂ ಇದೇ ನಿಯಮ. ನೀರು ತುದಿಯವರೆಗೆ ಹೋಗಬೇಕು, ತುದಿಯನ್ನು ದಾಟಬಾರದು, ಕೊಳೆಯನ್ನು ಹೊತ್ತುಕೊಂಡು ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಕೊಳೆಯೂ ರೋಗಾಣುವೂ ಔಷಧಿಯೂ ಬೇರಿನ ತುದಿಯಿಂದ ಎಲುಬಿನೊಳಗೆ ತಳ್ಳಲ್ಪಟ್ಟಾಗ ಅಲ್ಲಿ ಉರಿಯೂತವುಂಟಾಗಿ ಚಿಕಿತ್ಸೆಯ ಅನಂತರದ ನೋವು ಹೆಚ್ಚುತ್ತದೆ.

ಸದ್ಯ ಬಳಕೆಯಲ್ಲಿರುವ ಮುಖ್ಯ ಕ್ರಮಗಳು ನಾಲ್ಕು.

1. ಸಿರಿಂಜಿನಿಂದ ತೊಳೆಯುವುದು. ಇದು ಹಳೆಯ ಮತ್ತು ಎಲ್ಲೆಡೆಯೂ ಇರುವ ಕ್ರಮ. ತುದಿ ಮುಚ್ಚಿ ಪಕ್ಕದಲ್ಲಿ ರಂಧ್ರವಿರುವ ಸಣ್ಣ ಸೂಜಿಯನ್ನು ಬಳಸಿ, ಅದನ್ನು ನಾಳದಲ್ಲಿ ಬಿಗಿಯಾಗಿ ಸಿಲುಕಿಸದೆ, ತುದಿಗಿಂತ ಒಂದೆರಡು ಮಿಲಿಮೀಟರ್ ಹಿಂದೆಯೇ ನಿಲ್ಲಿಸಿ ಮೆಲ್ಲಗೆ ಒತ್ತಿದರೆ ಇದು ಸುರಕ್ಷಿತವಾದುದು. ಅವಸರದಿಂದ ಒತ್ತುವುದೇ ಅಪಾಯ.

2. ಕಂಪನದಿಂದ ಕದಡುವುದು. ಕಿರಿದಾದ ಬಾಯಿಯ ಸೀಸೆಯನ್ನು ನೀರಿನಲ್ಲಿ ಮುಳುಗಿಸಿದಾಗ ಒಳಗಿನ ಗಾಳಿ ನೀರನ್ನು ತಡೆಯುವಂತೆ, ನಾಳದ ತುದಿಯಲ್ಲಿಯೂ ಗಾಳಿಯ ಗುಳ್ಳೆ ನಿಂತು ಔಷಧಿಯನ್ನು ತಡೆಯುತ್ತದೆ. ಕಿವಿಗೆ ಕೇಳಿಸದಷ್ಟು ವೇಗವಾಗಿ ಕಂಪಿಸುವ ತೆಳುವಾದ ತಂತಿಯಿಂದ ದ್ರಾವಣವನ್ನು ಕದಡಿದರೆ ಅದು ಮೂಲೆಗಳನ್ನು ಸೇರುತ್ತದೆ. ಹೀಗೆ ಮಾಡಿದವರಲ್ಲಿ ಮೊದಲ ದಿನಗಳ ನೋವು ಕೇವಲ ಸಿರಿಂಜು ಬಳಸಿದವರಿಗಿಂತ ಕಡಿಮೆ ಇದ್ದುದು ಹಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ.

3. ಹೀರಿಕೊಳ್ಳುವ ಕ್ರಮ. ಇಲ್ಲಿ ದ್ರಾವಣವನ್ನು ಮೇಲಿನಿಂದ ಒತ್ತುವುದಿಲ್ಲ. ಬೇರಿನ ತುದಿಯ ಸಮೀಪಕ್ಕೆ ಇಳಿಸಿದ ಸಣ್ಣ ನಳಿಕೆಯು ದ್ರಾವಣವನ್ನು ತನ್ನತ್ತ ಸೆಳೆದು ಹೊರಕ್ಕೆ ಹೀರುತ್ತದೆ. ದ್ರಾವಣವು ತುದಿಯನ್ನು ದಾಟುವ ಸಂಭವ ಬಹಳ ಕಡಿಮೆಯಾದುದರಿಂದ ನೋವೂ ಕಡಿಮೆ.

4. ತಣ್ಣನೆಯ ಕೊನೆಯ ತೊಳೆತ. ಎಲ್ಲವೂ ಮುಗಿದ ಮೇಲೆ ಸುಮಾರು 2.5 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದ ಸಲೈನ್ ಎಂಬ ಉಪ್ಪುನೀರಿನಿಂದ ಕೆಲವು ನಿಮಿಷ ತೊಳೆದರೆ ಬೇರಿನ ಹೊರಮೈಯ ಉಷ್ಣತೆ 10 ಡಿಗ್ರಿಗಿಂತಲೂ ಹೆಚ್ಚು ಇಳಿಯುತ್ತದೆಂದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಪೆಟ್ಟಾದ ಜಾಗಕ್ಕೆ ಮಂಜುಗಡ್ಡೆಯಿಟ್ಟಂತೆ ಇದು ಉರಿಯೂತವನ್ನು ತಗ್ಗಿಸುತ್ತದೆ. ಬಳಿಕ ರೋಗಿಗಳಲ್ಲಿ ನಡೆಸಿದ ಪರೀಕ್ಷೆಗಳಲ್ಲಿಯೂ ಮೊದಲ ದಿನದ ನೋವು ಕಡಿಮೆಯಾದುದು ಕಂಡುಬಂದಿದೆ. ಇದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ.

ಯಾವ ಕ್ರಮವಾದರೂ, ಹಲ್ಲಿನ ಸುತ್ತ ತೆಳುವಾದ ರಬ್ಬರಿನ ಹಾಳೆ ಕಟ್ಟಿದರೆ ಔಷಧಿ ಬಾಯಿಗೆ ಬೀಳುವುದಿಲ್ಲ, ಎಂಜಲು ಹಲ್ಲಿಗೆ ಸೇರುವುದಿಲ್ಲ. ತೊಳೆಯುವಾಗ ತಟ್ಟನೆ ತೀವ್ರವಾದ ಉರಿ ಅಥವಾ ನೋವು ಕಾಣಿಸಿದರೆ ಸಂಕೋಚಪಡದೆ ಕೂಡಲೇ ಕೈಯೆತ್ತಿ ವೈದ್ಯರಿಗೆ ತಿಳಿಸಬೇಕು. ನೋವನ್ನು ಸಹಿಸಿಕೊಂಡು ಸುಮ್ಮನಿರುವುದು ಇಲ್ಲಿ ಸದ್ಗುಣವಲ್ಲ.

ಎಷ್ಟು ನೋವು ಸಹಜ? ಯಾವುದು ಅಪಾಯ?

ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಚಿಕಿತ್ಸೆಗೆ ಮೊದಲು 100 ರೋಗಿಗಳಲ್ಲಿ 81 ಮಂದಿಗೆ ನೋವಿತ್ತು. ಚಿಕಿತ್ಸೆಯಾದ 24 ಗಂಟೆಗಳ ಮೇಲೆ ಇದು 40ಕ್ಕೆ ಇಳಿಯಿತು. 7 ದಿನಗಳ ಮೇಲೆ ಕೇವಲ 11 ಮಂದಿಗೆ ನೋವು ಉಳಿದಿತ್ತು. ಎಂದರೆ ಮರುದಿನ ನೋವಿರುವುದು ಅಪರೂಪವಲ್ಲ. ಅದು ದಿನದಿಂದ ದಿನಕ್ಕೆ ಇಳಿಯುತ್ತಿರಬೇಕು, ಅಷ್ಟೆ. ಎರಡು ಮೂರು ದಿನ ಆ ಹಲ್ಲಿನಿಂದ ಗಟ್ಟಿ ರೊಟ್ಟಿಯನ್ನೂ ಕಬ್ಬನ್ನೂ ಕಚ್ಚಬಾರದು. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಕೆನ್ನೆಯ ಹೊರಗಿಡಬಹುದು. ವೈದ್ಯರು ಹೇಳಿದ ನೋವಿನ ಮಾತ್ರೆಯನ್ನು ಹೇಳಿದ ಪ್ರಮಾಣದಲ್ಲಿ ಸೇವಿಸಬೇಕು. ಅಂಗಡಿಯಿಂದ ತಾವಾಗಿಯೇ ಜೀವಿರೋಧಕ ಮಾತ್ರೆಗಳನ್ನು ತಂದು ನುಂಗಬಾರದು. ಅವು ಈ ನೋವನ್ನು ತಗ್ಗಿಸುವುದಿಲ್ಲ. ಹೊಗೆಸೊಪ್ಪು, ಮಿಶ್ರಿ ಮುಂತಾದುವನ್ನು ಹಲ್ಲಿಗೆ ಒತ್ತಿಡುವುದೂ, ಬಾತ ಕೆನ್ನೆಗೆ ಬಿಸಿ ಶಾಖ ಕೊಡುವುದೂ ಹಾನಿಕರ.

ಈ ಕೆಳಗಿನ ಚಿಹ್ನೆಗಳು ಕಂಡರೆ ಒಂದು ದಿನವೂ ತಡಮಾಡಬಾರದು:

ಚಿಕಿತ್ಸೆಯ ವೇಳೆಯಲ್ಲಿಯೇ ಅಥವಾ ಕೆಲವೇ ನಿಮಿಷಗಳಲ್ಲಿ ಮುಖ ಬಾತು ಚರ್ಮ ನೀಲಿಗಟ್ಟುವುದು, ಮೂರು ದಿನ ಕಳೆದರೂ ನೋವು ಏರುತ್ತಲೇ ಇರುವುದು, ಜ್ವರ, ಕೀವು, ಬಾಯಿ ತೆರೆಯಲಾಗದಿರುವುದು, ಸಿಮೆಂಟು ಉದುರುವುದು. ನುಂಗಲು ಅಥವಾ ಉಸಿರಾಡಲು ತೊಂದರೆಯಾದರೆ ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಗರ್ಭಿಣಿಗೂ ಬಾಣಂತಿಗೂ ಈ ಚಿಕಿತ್ಸೆ ಸಲ್ಲುವುದೇ?

ಸಲ್ಲುತ್ತದೆ. ಬಸಿರಿನ ನಾಲ್ಕರಿಂದ ಆರನೆಯ ತಿಂಗಳವರೆಗಿನ ಕಾಲ ಇದಕ್ಕೆ ಅತ್ಯಂತ ಅನುಕೂಲವಾದುದು. ಕೀವು ಅಥವಾ ತೀವ್ರ ನೋವಿದ್ದರೆ ಯಾವ ತಿಂಗಳಿನಲ್ಲಾದರೂ ಚಿಕಿತ್ಸೆ ಮಾಡಿಸಬೇಕು. ಮರಗಟ್ಟಿಸಲು ಬಳಸುವ ಲಿಗ್ನೊಕೇನ್ ಚುಚ್ಚುಮದ್ದನ್ನು ಗರ್ಭಿಣಿಗೆ ಕೊಡಬಹುದು. ಅಗತ್ಯವಾದರೆ ರಕ್ಷಣಾ ಕವಚ ಹೊದಿಸಿ ಹಲ್ಲಿನ ಎಕ್ಸ್-ರೇಯನ್ನೂ ತೆಗೆಯಬಹುದು. ಕೊನೆಯ ತಿಂಗಳುಗಳಲ್ಲಿ ಬಹಳ ಹೊತ್ತು ಅಂಗಾತ ಮಲಗದೆ ಸ್ವಲ್ಪ ಎಡಕ್ಕೆ ವಾಲಿ ಮಲಗಬೇಕು.

ನೋವಿಗೆ ವೈದ್ಯರ ಸಲಹೆಯಂತೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೇನ್ ಜಾತಿಯ ಮಾತ್ರೆಗಳನ್ನು ಗರ್ಭಿಣಿಯು ತಾನಾಗಿ ಸೇವಿಸಬಾರದು. ವಿಶೇಷವಾಗಿ 20 ವಾರಗಳ ಅನಂತರ ಅವು ಶಿಶುವಿನ ಮೂತ್ರಪಿಂಡಗಳಿಗೆ ತೊಂದರೆ ಕೊಡಬಲ್ಲವು. ದಂತವೈದ್ಯರ ಬಳಿಗೆ ಹೋಗುವಾಗ ತಾಯಿ ಕಾರ್ಡನ್ನು ಒಯ್ಯಬೇಕು. ಮುಟ್ಟು ತಪ್ಪಿರುವ ಸಂಶಯವಿದ್ದರೂ ಮೊದಲೇ ಹೇಳಬೇಕು. ಬಾಣಂತಿಯು ಈ ಚಿಕಿತ್ಸೆಗಾಗಿ ಮೊಲೆಹಾಲು ನಿಲ್ಲಿಸಬೇಕಾಗಿಲ್ಲ. ಬಾಣಂತನದಲ್ಲಿ ಅಂಟಿನುಂಡಿ, ಗೋಕಾಕದ ಕರದಂಟು ತಿನ್ನುವ ರೂಢಿ ನಮ್ಮಲ್ಲಿದೆ. ತಿನ್ನಲಿ; ಆದರೆ ಅಂಟೂ ಬೆಲ್ಲವೂ ಹಲ್ಲಿನ ಸಂದಿಯಲ್ಲಿ ನಿಲ್ಲುವುದರಿಂದ ತಿಂದೊಡನೆ ಬಾಯಿ ಮುಕ್ಕಳಿಸಬೇಕು; ರಾತ್ರಿ ಮಲಗುವ ಮುನ್ನ ಹಲ್ಲುಜ್ಜಬೇಕು.

ಪತಿ-ಪತ್ನಿಯರ ಕರ್ತವ್ಯ

ಮನೆಯಲ್ಲಿ ಹೆಂಗಸರ ಹಲ್ಲುನೋವು ಎಲ್ಲರ ಊಟ, ಎಲ್ಲರ ಕೆಲಸ ಮುಗಿದ ಮೇಲೆ ನೆನಪಾಗುವ ವಿಷಯವಾಗಿದೆ. ಇದು ಸರಿಯಲ್ಲ. ಚಿಕಿತ್ಸೆಗೆ ಎರಡು ಮೂರು ಸರದಿ ಹಿಡಿಯಬಹುದು. ಯಾವ ದಿನ ಹೋಗಬೇಕು, ಆ ದಿನ ಮಕ್ಕಳನ್ನೂ ದನಕರುಗಳನ್ನೂ ಯಾರು ನೋಡಿಕೊಳ್ಳಬೇಕು, ಖರ್ಚೆಷ್ಟು ಎಂಬುದನ್ನು ಗಂಡಹೆಂಡಿರು ಕೂಡಿ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕಬ್ಬಿನ ಕಟಾವಿನ ಕಾಲವೆಂದು ನಡುವೆ ನಿಲ್ಲಿಸಬಾರದು. ತಾಲೂಕು ಆಸ್ಪತ್ರೆಯಲ್ಲಿ ದಂತವೈದ್ಯರನ್ನು ಕಾಣಬಹುದು. ಹೆಚ್ಚಿನ ಚಿಕಿತ್ಸೆಗೆ ಬೆಳಗಾವಿಯಲ್ಲಿ 1985ರಲ್ಲಿ ಆರಂಭವಾದ ಕೆ.ಎಲ್.ಇ. ಸಂಸ್ಥೆಯ ದಂತ ಮಹಾವಿದ್ಯಾಲಯದಂತಹ ಸಂಸ್ಥೆಗಳಿವೆ. ಯಾವುದಕ್ಕೂ ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನೋ ಆಶಾ ಕಾರ್ಯಕರ್ತೆಯನ್ನೋ ವಿಚಾರಿಸಿರಿ.

ಬೇರು ತೊಳೆಸಿದ ರಾತ್ರಿ ನೋವು ಬಂದರೆ ಅದು ಸಾಮಾನ್ಯವಾಗಿ ಇಳಿದುಹೋಗುವ ನೋವು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಬರುವ ನೋವು ಹಾಗಲ್ಲ. ಈ ವ್ಯತ್ಯಾಸವನ್ನು ಪತಿಯೂ ಪತ್ನಿಯೂ ತಿಳಿದಿದ್ದು, ಆ ಒಂದು ರಾತ್ರಿ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡು, ಗೊತ್ತಾದ ದಿನ ತಪ್ಪದೆ ವೈದ್ಯರ ಬಳಿಗೆ ಹೋದರೆ ಹಲ್ಲೂ ಉಳಿಯುತ್ತದೆ, ತಾಯಿಯೂ ಮಗುವೂ ಕ್ಷೇಮವಾಗಿರುತ್ತಾರೆ.