ಕಚೇರಿಗಳ ಜಾಲರಕ್ಷಣೆ: ಕಾವಲು ಯಂತ್ರದಲ್ಲಿಯೇ ಬಿರುಕು

ಬಳ್ಳಾರಿಯ ಕೋಟೆಯನ್ನು ಕುರಿತು ಹಿರಿಯರು ಹೇಳುತ್ತ ಬಂದ ಕಥೆಯೊಂದುಂಟು. ಹದಿನೆಂಟನೆಯ ಶತಮಾನದಲ್ಲಿ ಹೈದರ ಅಲಿಯು ಫ್ರೆಂಚ್ ಇಂಜಿನಿಯರನೊಬ್ಬನ ಕೈಯಿಂದ ಈ ಕೋಟೆಯನ್ನು ಬಲಪಡಿಸಿದನಂತೆ. ಕೆಲಸವೆಲ್ಲ ಮುಗಿದ ತರುವಾಯ, ಎದುರಿನ ಕುಂಬಾರ ಗುಡ್ಡದ ಮೇಲೆ ತೋಪು ಹೂಡಿದರೆ ಕೋಟೆಗೆ ಉಳಿಗಾಲವಿಲ್ಲವೆಂಬುದು ತಿಳಿದುಬಂದು, ಆ ಇಂಜಿನಿಯರನನ್ನು ಕೋಟೆಯ ಬಾಗಿಲಿನಲ್ಲಿಯೇ ಗಲ್ಲಿಗೇರಿಸಿದನಂತೆ. ಕಥೆಯ ಸತ್ಯಾಸತ್ಯತೆಯನ್ನು ಇತಿಹಾಸಜ್ಞರು ನಿರ್ಣಯಿಸಲಿ. ರಕ್ಷಣೆಗಾಗಿ ಕಟ್ಟಿದುದರಲ್ಲಿಯೇ ದೌರ್ಬಲ್ಯವು ಅಡಗಿರಬಹುದೆಂಬ ಮಾತ್ರದ ಅಂಶವು ನಮ್ಮ ಇಂದಿನ ಪ್ರಸ್ತಾಪಕ್ಕೆ ಸಾಕು.

ಬಳ್ಳಾರಿಯ ಬ್ಯಾಂಕು, ಆಸ್ಪತ್ರೆ, ಕಾಲೇಜುಗಳಲ್ಲಿಯೂ, ಸಿರುಗುಪ್ಪದ ಅಕ್ಕಿ ಗಿರಣಿಗಳ ಲೆಕ್ಕದ ಕೋಣೆಗಳಲ್ಲಿಯೂ, ಹೊಸದಾಗಿ ತಾಲ್ಲೂಕಿನ ಪದವಿಯನ್ನು ಪಡೆದ ಕುರುಗೋಡಿನ ಕಚೇರಿಗಳಲ್ಲಿಯೂ ಈಗ ದಪ್ತರವೆಂದರೆ ಗಣಕಯಂತ್ರವೇ. ಅಂತರ್ಜಾಲದ ಕಳ್ಳರಿಂದ ಇಂಥ ದಪ್ತರವನ್ನು ಕಾಯುವುದಕ್ಕೆ ಫೈರ್‌ವಾಲ್ ಎಂಬ ಪೆಟ್ಟಿಗೆಯೊಂದನ್ನು ಕೊಂಡು ಗೋಡೆಯ ಮೂಲೆಯಲ್ಲಿ ಕೂರಿಸುವುದು ರೂಢಿಗೆ ಬಂದಿದೆ. ಪೆಟ್ಟಿಗೆಯ ದೀಪ ಹಸಿರಾಗಿ ಮಿನುಗುತ್ತಿದ್ದರೆ ಅಧಿಕಾರಿಗಳು ನಿಶ್ಚಿಂತರಾಗುತ್ತಾರೆ. ಈ ನಿಶ್ಚಿಂತೆಯು ನಿರಾಧಾರವಾದುದು ಎಂದು ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಆ ಪೆಟ್ಟಿಗೆಯೂ ಒಂದು ಗಣಕಯಂತ್ರವೇ ಅಲ್ಲವೆ? ಅದರ ಹೊಟ್ಟೆಯಲ್ಲಿ ಬಳಕೆದಾರರ ಹೆಸರು, ಗುಪ್ತಪದ, ಯಾರನ್ನು ಒಳಗೆ ಬಿಡಬೇಕು ಯಾರನ್ನು ಬಿಡಬಾರದು ಎಂಬ ನಿಯಮ ಇವೆಲ್ಲವನ್ನೂ ಬರೆದಿಟ್ಟ ಡೇಟಾಬೇಸ್ ಇರುತ್ತದೆ. ಆ ಡೇಟಾಬೇಸಿನೊಡನೆ ಮಾತನಾಡುವ ಭಾಷೆಗೆ ಎಸ್‌ಕ್ಯುಎಲ್ ಎಂದು ಹೆಸರು. ೧೯೭೪ರ ಸುಮಾರಿಗೆ ಅಮೆರಿಕದ ಐಬಿಎಂ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬ ಇಬ್ಬರು ವಿದ್ವಾಂಸರು ಇದನ್ನು ರೂಪಿಸಿದರು. ಭಾಷೆಯಲ್ಲಿ ದೋಷವಿಲ್ಲ, ಅದನ್ನು ಬಳಸುವ ಕ್ರಮದಲ್ಲಿ ದೋಷವುಂಟು.

ನಮ್ಮ ಕಚೇರಿಯ ದೃಷ್ಟಾಂತದಿಂದಲೇ ಇದನ್ನು ವಿವರಿಸಬಹುದು. ರೈತನು ಅರ್ಜಿಯ ಹೆಸರಿನ ಅಂಕಣದಲ್ಲಿ ‘ಬಸಪ್ಪ’ ಎಂದು ಬರೆದರೆ ಗುಮಾಸ್ತನು ಬಸಪ್ಪನ ಪಹಣಿಯನ್ನು ತೆಗೆದುಕೊಡುತ್ತಾನೆ. ವಂಚಕನೊಬ್ಬನು ಅದೇ ಅಂಕಣದಲ್ಲಿ ‘ಬಸಪ್ಪ, ಅಥವಾ ಒಂದು ಒಂದಕ್ಕೆ ಸಮವಾಗಿದ್ದರೆ ಯಾರದಾದರೂ’ ಎಂದು ಬರೆದನೆನ್ನಿ. ಗುಮಾಸ್ತನಾದರೆ ನಕ್ಕು ಅರ್ಜಿಯನ್ನು ಹಿಂದಿರುಗಿಸುತ್ತಾನೆ. ಯಂತ್ರಕ್ಕೆ ನಗು ಬಾರದು. ತನಗೆ ಕೊಟ್ಟ ಆಜ್ಞೆ ಯಾವುದು, ಅರ್ಜಿದಾರನು ಬರೆದ ಹೆಸರು ಯಾವುದು ಎಂಬ ಭೇದವನ್ನು ಕಾಣದಂತೆ ಎರಡನ್ನೂ ಒಂದೇ ಸಾಲಿನಲ್ಲಿ ಪೋಣಿಸಿದ್ದರೆ, ಅದು ಇಡಿಯ ಸಾಲನ್ನೂ ಆಜ್ಞೆಯೆಂದೇ ಓದಿಕೊಳ್ಳುತ್ತದೆ. ಒಂದು ಒಂದಕ್ಕೆ ಯಾವಾಗಲೂ ಸಮವೇ ಆದುದರಿಂದ ಊರಿನವರೆಲ್ಲರ ಪಹಣಿಗಳೂ ವಂಚಕನ ಕೈಸೇರುತ್ತವೆ. ಇದಕ್ಕೆ ಎಸ್‌ಕ್ಯುಎಲ್ ಇಂಜೆಕ್ಷನ್ ಎನ್ನುತ್ತಾರೆ. ಓದುವುದಷ್ಟೇ ಅಲ್ಲ, ಹೊಸ ಹೆಸರನ್ನು ಸೇರಿಸುವುದು, ಇದ್ದುದನ್ನು ಅಳಿಸುವುದು, ಕೆಲವು ವೇಳೆ ಯಂತ್ರವನ್ನೇ ವಶಪಡಿಸಿಕೊಳ್ಳುವುದು, ಎಲ್ಲವೂ ಈ ಮಾರ್ಗದಿಂದ ಸಾಧ್ಯ.

ಇದು ಊಹೆಯ ಮಾತಲ್ಲ. ೨೦೨೦ರ ಏಪ್ರಿಲ್ ೨೨ರಂದು ಬ್ರಿಟನ್ನಿನ ಸೋಫೋಸ್ ಸಂಸ್ಥೆಗೆ ಒಂದು ವರದಿ ಬಂದಿತು: ಅದರ ಎಕ್ಸ್‌ಜಿ ಫೈರ್‌ವಾಲೊಂದರ ಆಡಳಿತ ಪುಟದ ಅಂಕಣದಲ್ಲಿ ಇರಬಾರದ ಅಕ್ಷರಗಳು ಕಾಣಿಸುತ್ತಿವೆ. ಶೋಧಿಸಿದಾಗ, ಪ್ರವೇಶಪದವಿಲ್ಲದೆಯೇ ಕಳ್ಳರು ಡೇಟಾಬೇಸಿನೊಳಕ್ಕೆ ಒಂದು ಸಾಲಿನ ಆಜ್ಞೆಯನ್ನು ತೂರಿಸಿ, ಅದರ ಮೂಲಕ ಹೊರಗಿನಿಂದ ದುಷ್ಟ ತಂತ್ರಾಂಶವನ್ನು ತರಿಸಿಕೊಂಡಿದ್ದುದು ಬಯಲಾಯಿತು. ಆಡಳಿತ ಪುಟವನ್ನಾಗಲಿ ಬಳಕೆದಾರರ ಪುಟವನ್ನಾಗಲಿ ಅಂತರ್ಜಾಲಕ್ಕೆ ತೆರೆದಿಟ್ಟಿದ್ದ ಯಂತ್ರಗಳೇ ಇದಕ್ಕೆ ಈಡಾದವು. ಸುಮಾರು ೮೧,೦೦೦ ಫೈರ್‌ವಾಲುಗಳು ಈ ದಾಳಿಗೆ ಗುರಿಯಾದುವೆಂದು ಅಮೆರಿಕ ಸರಕಾರವು ೨೦೨೪ರ ಡಿಸೆಂಬರಿನಲ್ಲಿ ಪ್ರಕಟಿಸಿತು. ೨೦೨೧ರ ಜನವರಿಯಲ್ಲಿ ಸೋನಿಕ್‌ವಾಲ್ ಸಂಸ್ಥೆಯ ದೂರಪ್ರವೇಶದ ಯಂತ್ರಗಳಿಗೂ ಇದೇ ಗತಿಯೊದಗಿತು. ೨೦೨೫ರ ಜುಲೈಯಲ್ಲಿ ಹೊರಬಿದ್ದ ಫೋರ್ಟಿನೆಟ್ ಸಂಸ್ಥೆಯ ಫೋರ್ಟಿವೆಬ್ ಪ್ರಕರಣವಂತೂ ಇನ್ನೂ ವಿಚಿತ್ರ. ಜಾಲತಾಣಗಳನ್ನು ಇದೇ ಎಸ್‌ಕ್ಯುಎಲ್ ಇಂಜೆಕ್ಷನ್ನಿನಿಂದ ಕಾಪಾಡುವುದೇ ಆ ಯಂತ್ರದ ಕಸುಬು. ವೈದ್ಯನು ಯಾವ ರೋಗಕ್ಕೆ ಔಷಧ ಕೊಡುತ್ತಿದ್ದನೋ ಅದೇ ರೋಗವು ಅವನ ಮೈಯಲ್ಲಿಯೂ ಕಂಡಿತು!

ಈ ರೋಗದ ವಿವರಣೆಯು ೧೯೯೮ರಷ್ಟು ಹಿಂದೆಯೇ ಫ್ರಾಕ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಔಷಧವೂ ಗೊತ್ತಿಲ್ಲದ್ದೇನಲ್ಲ: ಆಜ್ಞೆಯ ವಾಕ್ಯವನ್ನು ಮೊದಲೇ ಸಿದ್ಧಪಡಿಸಿ ಭದ್ರಪಡಿಸುವುದು, ಬಳಕೆದಾರನು ಬರೆದುದನ್ನು ತರುವಾಯ ಬೇರೆಯಾಗಿಯೇ ಒಪ್ಪಿಸುವುದು. ಆಗ ಅವನು ಏನನ್ನು ಬರೆದರೂ ಅದು ಹೆಸರಾಗಿಯೇ ಉಳಿಯುತ್ತದೆ. ಇಷ್ಟನ್ನು ಮಾಡದೆ ಲಕ್ಷಾಂತರ ರೂಪಾಯಿಯ ಯಂತ್ರಗಳನ್ನು ಮಾರುವ ಕಂಪನಿಗಳ ಅಲಕ್ಷ್ಯವು ಕ್ಷಮಾರ್ಹವಲ್ಲ.

ವಿದೇಶೀ ಯಂತ್ರಗಳನ್ನು ಬಿಟ್ಟು ಸ್ವದೇಶೀ ಯಂತ್ರಗಳನ್ನು ಕೊಂಡರೆ ಸಾಲದೆ ಎಂದು ಕೆಲವರು ಕೇಳಬಹುದು. ಈ ಪತ್ರಿಕೆಯು ಸ್ವದೇಶಿಯ ಪಕ್ಷಪಾತಿಯೆಂಬುದನ್ನು ವಾಚಕರು ಬಲ್ಲರು. ಆದರೂ ಸ್ವದೇಶಿ ಎಂಬ ಚೀಟಿಯನ್ನು ಅಂಟಿಸಿದ ಮಾತ್ರಕ್ಕೆ ಬಿರುಕು ಮುಚ್ಚಿಹೋಗುವುದಿಲ್ಲ. ಯಂತ್ರವು ಎಲ್ಲಿಯದೇ ಆಗಲಿ, ಅದನ್ನು ಬಿಚ್ಚಿ ಪರೀಕ್ಷಿಸಬಲ್ಲ ವಿದ್ಯೆಯು ನಮ್ಮವರಲ್ಲಿರಬೇಕು. ಪರೀಕ್ಷಿಸುವ ಹಕ್ಕು ಕೊಂಡವನಿಗೆ ಇರಬೇಕು. ಭಾರತ ಸರಕಾರದ ಸರ್ಟ್-ಇನ್ ಸಂಸ್ಥೆಯು ಇಂಥ ಪರೀಕ್ಷೆಗೆ ಅರ್ಹರಾದವರ ಪಟ್ಟಿಯನ್ನು ಪ್ರಕಟಿಸುತ್ತದೆ. ಕುತೂಹಲಿಗಳಾದ ತರುಣರಿಗೆ ಒಂದು ಮಾತು: ಅನ್ಯರ ಯಂತ್ರವನ್ನು ಅಪ್ಪಣೆಯಿಲ್ಲದೆ ದುರುದ್ದೇಶದಿಂದ ಕೆದಕುವುದು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ನೆಯ ಕಲಮಿನ ಮೇರೆಗೆ ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡುತ್ತದೆ.

ನಮ್ಮ ಜಿಲ್ಲೆಯಲ್ಲಿ ಇಂಥ ಅನಾಹುತವು ನಡೆಯಿತೆಂದು ನಾವು ಹೇಳುತ್ತಿಲ್ಲ. ನಡೆಯುವುದಕ್ಕೆ ಮುಂಚೆ ಮಾಡಬೇಕಾದುದನ್ನು ಹೇಳುತ್ತಿದ್ದೇವೆ. ಯಂತ್ರದ ಆಡಳಿತ ಪುಟವು ಅಂತರ್ಜಾಲದಿಂದ ಯಾರಿಗೂ ಕಾಣಿಸಬಾರದು. ಕಚೇರಿಯ ಒಳಗಿನ ಒಂದೆರಡು ನಿರ್ದಿಷ್ಟ ಗಣಕಯಂತ್ರಗಳಿಗೆ ಮಾತ್ರ ತೆರೆಯತಕ್ಕದ್ದು. ಗುತ್ತಿಗೆದಾರನು ‘ಮನೆಯಿಂದಲೇ ರಿಪೇರಿ ಮಾಡುತ್ತೇನೆ’ ಎಂದು ಅದನ್ನು ಹೊರಕ್ಕೆ ತೆರೆದಿಡುವ ಅನುಕೂಲಶಾಸ್ತ್ರವೇ ಬಹುಪಾಲು ವಿಪತ್ತಿನ ಮೂಲ. ಫೋರ್ಟಿವೆಬ್ ಪ್ರಕರಣದಲ್ಲಿ ಕಂಪನಿಯವರೇ ಸೂಚಿಸಿದ ತಾತ್ಕಾಲಿಕ ಉಪಾಯವೂ ಆಡಳಿತ ಪುಟವನ್ನು ಮುಚ್ಚುವುದೇ ಆಗಿತ್ತು.

ಆದರೆ ಮುಚ್ಚಿದ ಮಾತ್ರಕ್ಕೆ ಬಿರುಕು ಸರಿಹೋಯಿತೆಂದಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಜಲಾಶಯದ ೧೯ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಹರಿಯುವ ನೀರಿನಲ್ಲಿಯೇ ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ತಡೆಯನ್ನು ಇಳಿಸಿದುದನ್ನು ಸಿರುಗುಪ್ಪದ ರೈತರು ಮರೆತಿಲ್ಲ. ತಡೆಯು ನೀರನ್ನು ಉಳಿಸಿತು, ಹೊಸ ಗೇಟಿನ ಅಗತ್ಯವು ಉಳಿದೇ ಇತ್ತು. ಹಾಗೆಯೇ ಕಂಪನಿಯು ಕಳುಹಿಸುವ ಅಪ್‌ಡೇಟನ್ನು ಅದೇ ವಾರದಲ್ಲಿ ಹಾಕಬೇಕು. ಅಪ್‌ಡೇಟ್ ಬರುವುದೇ ನಿಂತುಹೋದ ಹಳೆಯ ಯಂತ್ರವನ್ನು ತೆಗೆದುಹಾಕಬೇಕು. ಅಪ್‌ಡೇಟಿಗೆ ಮುಂಚೆಯೇ ಕಳ್ಳನು ಒಳಹೊಕ್ಕಿದ್ದರೆ ಅದು ಅವನನ್ನು ಹೊರಗಟ್ಟುವುದಿಲ್ಲವಾದುದರಿಂದ, ಗುಪ್ತಪದಗಳೆಲ್ಲವನ್ನೂ ಬದಲಿಸತಕ್ಕದ್ದು.

ಕಳ್ಳನ ಹೆಜ್ಜೆಯನ್ನು ಕಂಡುಹಿಡಿಯುವುದು ಹೇಗೆ? ಲಾಗ್ ಎಂಬ ದಿನಚರಿಯನ್ನು ಓದಬೇಕು. ಹೆಸರಿನ ಅಂಕಣದಲ್ಲಿ ಉದ್ಧರಣ ಚಿಹ್ನೆಗಳು, ‘ಯೂನಿಯನ್’, ‘ಸೆಲೆಕ್ಟ್’ ಮುಂತಾದ ಆಜ್ಞಾಪದಗಳು, ಯಾರೂ ನೇಮಿಸದ ಹೊಸ ಆಡಳಿತಗಾರ, ನಡುರಾತ್ರಿಯಲ್ಲಿ ಪೆಟ್ಟಿಗೆಯು ತಾನಾಗಿಯೇ ಅಪರಿಚಿತ ವಿಳಾಸದೊಡನೆ ನಡೆಸುವ ಸಂಭಾಷಣೆ, ಇವು ಲಕ್ಷಣಗಳು. ದಿನಚರಿಯನ್ನು ಅದೇ ಪೆಟ್ಟಿಗೆಯಲ್ಲಿಟ್ಟರೆ ಕಳ್ಳನು ಅಳಿಸಿಯಾನು, ಬೇರೆಡೆಗೆ ಕಳುಹಿಸಬೇಕು. ೨೦೨೨ರ ಏಪ್ರಿಲ್ ೨೮ರ ಸರ್ಟ್-ಇನ್ ನಿರ್ದೇಶದಂತೆ ದಿನಚರಿಗಳನ್ನು ೧೮೦ ದಿನ ಕಾಪಾಡುವುದೂ, ದಾಳಿಯನ್ನು ತಿಳಿದ ಆರು ಗಂಟೆಗಳೊಳಗೆ ವರದಿ ಮಾಡುವುದೂ ಸರಕಾರೀ ಕಚೇರಿಗಳಿಗೂ ಕಂಪನಿಗಳಿಗೂ ಕಡ್ಡಾಯ. ಎಷ್ಟು ಕಚೇರಿಗಳ ಮುಖ್ಯಸ್ಥರು ಈ ನಿರ್ದೇಶವನ್ನು ಓದಿದ್ದಾರೆ?

ಮುಂದಿನ ಟೆಂಡರಿನಲ್ಲಿಯಾದರೂ ಮೂರು ಮಾತುಗಳು ಸೇರಲಿ: ಯಂತ್ರಕ್ಕೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ, ಬಿರುಕು ಪ್ರಕಟವಾದ ಎಷ್ಟು ದಿನಗಳಲ್ಲಿ ಗುತ್ತಿಗೆದಾರನು ಅದನ್ನು ಹಾಕುತ್ತಾನೆ, ವರ್ಷಕ್ಕೊಮ್ಮೆ ಪರೀಕ್ಷಿಸಿದವರು ಯಾರು. ಲಿಖಿತ ಉತ್ತರವನ್ನು ಕೊಡಲೊಪ್ಪದ ಗುತ್ತಿಗೆದಾರನ ಬಿಲ್ಲನ್ನು ತಡೆಹಿಡಿಯುವ ಅಧಿಕಾರವು ಕಚೇರಿಯ ಮುಖ್ಯಸ್ಥನಿಗೆ ಇರುವಂತೆ ಕರಾರುಪತ್ರವನ್ನು ಬರೆಯಿಸಬೇಕು.